ಅಪ್ಪ ಹೊಲಿದ ಬೆಲ್ಟು

ನಾನು ಚಿಕ್ಕವಳಿದ್ದಾಗ, ಒಂಬತ್ತು ವರ್ಷವಿರಬೇಕು, ಅಪ್ಪ ವಾಯುಪಡೆಯ ಕೆಲಸ ಮುಗಿಸಿ ಊರಿಗೆ ಬಂದುಬಿಟ್ಟ. ಕಬ್ಬಿಣದ ಟ್ರಂಕು, ಸುತ್ತಿದ ಹಾಸಿಗೆ, ಒಂದು ಗೋಣಿಚೀಲದ ತುಂಬ ಸೇಬು. ಸೇಬು ಎರಡೇ ದಿನಕ್ಕೆ ಮುಗಿಯಿತು. ಅಪ್ಪ ಮಾತ್ರ ಈ ಸಲ ವಾಪಸು ಹೋಗಲಿಲ್ಲ.

ವಾಯುಪಡೆ ಎಂದರೆ ಅಪ್ಪ ವಿಮಾನ ಓಡಿಸುತ್ತಿದ್ದ ಎಂದುಕೊಳ್ಳಬೇಡಿ. ಅವನು ಪ್ಯಾರಾಚೂಟ್ ಮಡಿಸುತ್ತಿದ್ದ. ವಿಮಾನದಿಂದ ಜಿಗಿಯುವ ಸೈನಿಕರ ಬೆನ್ನಿಗೆ ಕಟ್ಟುವ ಆ ದೊಡ್ಡ ಬಟ್ಟೆಯ ಛತ್ರಿಯನ್ನು ಉದ್ದನೆಯ ಮೇಜಿನ ಮೇಲೆ ಹರವಿ, ಎಲ್ಲಾದರೂ ಹರಿದಿದ್ದರೆ ಹೊಲಿದು, ಒಂದೊಂದೇ ಮಡಿಕೆ ಕೂರಿಸಿ, ಹಗ್ಗಗಳು ಸಿಕ್ಕಾಗದಂತೆ ಸುತ್ತಿ ಚೀಲದೊಳಗೆ ಇಡಬೇಕು. ಆಮೇಲೆ ಚೀಟಿಯಲ್ಲಿ ಸಹಿ ಹಾಕಬೇಕು. ನಡುವೆ ಯಾರಾದರೂ ಮಾತಾಡಿಸಿ ಗಮನ ತಪ್ಪಿದರೆ ಅಷ್ಟನ್ನೂ ಬಿಚ್ಚಿ ಮೊದಲಿನಿಂದ ಶುರುಮಾಡುತ್ತಿದ್ದನಂತೆ. ಮನೆಯಲ್ಲಿ ಅಮ್ಮನ ಸೀರೆಗಳನ್ನೂ ಅವನು ಹಾಗೆಯೇ ಮಡಿಸುತ್ತಿದ್ದ. ಅಕ್ಕ ಬೇಕೆಂದೇ ಹಿಂದಿನಿಂದ ಹೋಗಿ "ಭೋ" ಎಂದು ಕೂಗುತ್ತಿದ್ದಳು. ಅಪ್ಪ ಬೈಯುತ್ತಿರಲಿಲ್ಲ. ಸೀರೆ ಕೊಡವಿ ಮತ್ತೆ ಶುರುಮಾಡುತ್ತಿದ್ದ.

ಆಗ ನಮ್ಮ ಮನೆ ದೊಡ್ಡನೆಕ್ಕುಂದಿ ಕೆರೆಯ ಆಚೆಗಿತ್ತು. ಇದ್ದಷ್ಟು ರಾಗಿ ಹೊಲವನ್ನು ಇಬ್ಬರು ಚಿಕ್ಕಪ್ಪಂದಿರು ಉಳುತ್ತಿದ್ದರು, ಅಲ್ಲಿ ಮೂರನೆಯವನಿಗೆ ಕೆಲಸವಿರಲಿಲ್ಲ. ಅಪ್ಪ ದಿನಾ ಬೆಳಿಗ್ಗೆ ಷೂ ಪಾಲಿಶ್ ಮಾಡಿಕೊಂಡು ಕೆಲಸ ಹುಡುಕಲು ಹೋಗುತ್ತಿದ್ದ. ಒಂದು ಕಚೇರಿಯಲ್ಲಿ ಗುಮಾಸ್ತರು ಅವನ ಕಾಗದ ಓದಿ, "ಪ್ಯಾರಾಚೂಟ್ ಮಡಿಸೋದಾ? ಅಂದ್ರೆ ಇಸ್ತ್ರಿ ಕೆಲ್ಸಾನಾ?" ಎಂದು ಕೇಳಿದರಂತೆ. ಕಾರ್ಖಾನೆಯವರಂತೂ ಮಿಲಿಟರಿಯವನು ಎಂದ ಕೂಡಲೇ ಗೇಟು ಕಾಯಲು ಕರೆಯುತ್ತಿದ್ದರು. ಗೇಟು ಕಾಯುವುದು ಕೀಳು ಎಂದು ಅಪ್ಪ ಎಂದೂ ಹೇಳಲಿಲ್ಲ. "ನಾನು ಕಲ್ತಿರೋ ಕೆಲ್ಸ ಬೇರೆ ಇದೆ" ಎನ್ನುತ್ತಿದ್ದ, ಅಷ್ಟೆ. ಹೀಗೆ ಎಂಟು ತಿಂಗಳು ಕಳೆದವು. ಅಮ್ಮ ಹೆರಿಗೆಗೆಂದು ಅತ್ತಿಬೆಲೆಯ ತವರಿಗೆ ಹೋಗಿದ್ದಳು. ಮಗು ಬರುವಷ್ಟರಲ್ಲಿ ಏನಾದರೂ ಆಗಲೇಬೇಕಿತ್ತು.

ಆ ಹೊತ್ತಿಗೆ ಪೀಣ್ಯದ ಒಂದು ಹೊಲಿಗೆ ಕಾರ್ಖಾನೆಯಿಂದ ಬಂದು ಕಾಣಲು ಕಾಗದ ಬಂತು. ನಮ್ಮ ಶಾಲೆಯ ಹೆಂಚು ಬದಲಿಸುತ್ತಿದ್ದರಿಂದ ನನಗೆ ರಜೆ. ನಾನೂ ಬರುತ್ತೇನೆ ಎಂದು ಅತ್ತು ಹೊರಟೆ. ಎರಡು ಬಸ್ಸು ಹತ್ತಿದೆವು. ಪೀಣ್ಯದಲ್ಲಿ ಇಳಿದಾಗ ಮೊದಲು ತಿಳಿದದ್ದು ವಾಸನೆ: ಕಾದ ಎಣ್ಣೆ, ಕಬ್ಬಿಣದ ಪುಡಿ, ಎಲ್ಲೋ ಸುಡುತ್ತಿದ್ದ ರಬ್ಬರು. ಮಣ್ಣಿನ ರಸ್ತೆಯ ಎರಡೂ ಬದಿಗೆ ಶೀಟಿನ ಶೆಡ್ಡುಗಳು, ಒಂದರೊಳಗೆ ಬಡಿಯುವ ಸದ್ದು, ಇನ್ನೊಂದರೊಳಗೆ ಕೊರೆಯುವ ಸದ್ದು. ನಾನು ಅಪ್ಪನ ಕೈ ಬಿಡಲಿಲ್ಲ.

ನಾವು ಹೋದ ಶೆಡ್ಡಿನಲ್ಲಿ ಲಾರಿಗೆ ಹೊದಿಸುವ ಟಾರ್ಪಾಲು ಹೊಲಿಯುತ್ತಿದ್ದರು. ಒಳಗೆ ಮೇಣ ಹಚ್ಚಿದ ಕ್ಯಾನ್‌ವಾಸಿನ ಗಾಢ ವಾಸನೆ, ಸಾಲಾಗಿ ಹೊಲಿಗೆ ಯಂತ್ರಗಳು, ಅವುಗಳ ಮುಂದೆ ಹತ್ತು ಹನ್ನೆರಡು ಹೆಂಗಸರು. ಮಾಲೀಕರು ದಪ್ಪ ಕನ್ನಡಕದ, ಅವಸರದ ಮನುಷ್ಯ. ಅಪ್ಪನನ್ನು ನೋಡಿ ಸಂತೋಷವಾಗಿಯೇ ಮಾತಾಡಿಸಿದರು.

"ಏರ್‌ಫೋರ್ಸ್‌ನವ್ರು ಅಲ್ವಾ? ಒಳ್ಳೇದಾಯ್ತು. ಗೇಟಿಗೆ ಒಬ್ಬ ಗಟ್ಟಿ ಮನುಷ್ಯ ಬೇಕಾಗಿತ್ತು."

ಗೋಡೆಯ ಮೊಳೆಗೆ ಖಾಕಿ ಅಂಗಿಯೊಂದು ಆಗಲೇ ನೇತಾಡುತ್ತಿತ್ತು.

"ನಾನು ಪ್ಯಾರಾಚೂಟ್ ಕೆಲ್ಸದವನು ಸಾರ್. ಹೊಲಿಗೆ, ಮಡಿಕೆ, ತಪಾಸಣೆ" ಎಂದ ಅಪ್ಪ.

"ಸರಿ ಕಣ್ರೀ, ಆದ್ರೆ ಇಲ್ಲಿ ಯಾರು ಹಾರ್ತಾರೆ?"

ಹೆಂಗಸರು ನಕ್ಕರು. ಅಪ್ಪನೂ ಸ್ವಲ್ಪ ನಕ್ಕ. "ಬರ್ತೀನಿ ಸಾರ್" ಎಂದು ಕೈಮುಗಿದು ನನ್ನನ್ನು ಕರೆದುಕೊಂಡು ಬಾಗಿಲ ಕಡೆ ತಿರುಗಿದ. ಬಾಗಿಲ ಹತ್ತಿರದ ಯಂತ್ರದ ಪಕ್ಕ ಅಗಲವಾದ ಪಟ್ಟಿಗಳ ರಾಶಿಯಿತ್ತು. ಅಪ್ಪ ಒಂದನ್ನು ಎತ್ತಿಕೊಂಡು, ಅಲ್ಲಿ ಕೂತಿದ್ದ ವಯಸ್ಸಾದ ಹೆಂಗಸನ್ನು ಏನಿದು ಎಂದು ಕೇಳಿದ.

"ಲೈಟು ಕಂಬ ಅತ್ತೋರು ಸೊಂಟಕ್ಕೆ ಕಟ್ಕತಾರಲ್ಲ ಸಾರ್, ಆ ಬೆಲ್ಟು" ಎಂದಳು ಆಕೆ. ಅವಳನ್ನು ಎಲ್ಲರೂ ದೊಡ್ಡಮ್ಮ ಎಂದು ಕರೆಯುತ್ತಿದ್ದರು.

ಅಪ್ಪ ಹೊಲಿಗೆಯ ಉದ್ದಕ್ಕೂ ಹೆಬ್ಬೆರಳಿನ ಉಗುರು ಎಳೆದ. ಬೆಳಕಿಗೆ ಹಿಡಿದು ನೋಡಿದ. ನನ್ನ ಕೈ ಬಿಟ್ಟ. ಮತ್ತೆ ಮಾಲೀಕರ ಹತ್ತಿರ ಹೋದ.

"ಸಾರ್, ಇವು ಆಗ್ಲೇ ಎಲ್ಲಿಗಾದ್ರೂ ಹೋಗಿದಾವಾ?"

"ಇಲ್ಲ, ಇದು ಮೊದಲ್ನೇ ಲಾಟು. ನಾಳೆ ಹೋಗುತ್ತೆ. ಯಾಕೆ?"

"ಕಳಿಸ್ಬೇಡಿ. ಹೊಲಿಗೆ ತುಂಬಾ ಒತ್ತಾಗಿದೆ. ಸೂಜಿ ಚುಚ್ಚಿ ಚುಚ್ಚಿ ಪಟ್ಟಿ ತೂತಾಗಿದೆ. ಸ್ಟಾಂಪು ಹಾಳೆ ಇರುತ್ತಲ್ಲ, ಹಂಗೆ ಸಾಲಾಗಿ ಕಿತ್ತು ಬರುತ್ತೆ. ದಾರಾನೂ ಹತ್ತಿದು, ಭಾರ ತಡೆಯಲ್ಲ."

ಮಾಲೀಕರ ಮುಖ ಬಿಗಿಯಿತು. "ಇಷ್ಟು ವರ್ಷದಿಂದ ಟಾರ್ಪಾಲು ಹೊಲಿಸ್ತಿದೀನಿ. ನಂಗೆ ಹೊಲಿಗೆ ಹೇಳ್ಕೊಡ್ತೀರಾ?"

"ಟಾರ್ಪಾಲು ಹರಿದ್ರೆ ಒಳಗಿನ ಮಾಲು ನೆನೆಯುತ್ತೆ ಸಾರ್. ಇದು ಹರಿದ್ರೆ ಮನುಷ್ಯ ಕೆಳಗೆ ಬರ್ತಾನೆ."

ಅಪ್ಪ ದನಿ ಏರಿಸಿರಲಿಲ್ಲ. ಆದರೂ ಹತ್ತಿರದ ಎರಡು ಮೂರು ಯಂತ್ರಗಳು ನಿಂತವು. ನನಗೆ ಹೆದರಿಕೆಯಾಯಿತು. ಕೆಲಸ ಕೇಳಲು ಬಂದವನು ಹೀಗೆ ಮಾತಾಡಿದರೆ ಯಾರು ಕೊಡುತ್ತಾರೆ ಎನ್ನುವಷ್ಟು ನನಗೂ ಗೊತ್ತಿತ್ತು.

"ನೋಡೇಬಿಡೋಣ" ಎಂದರು ಮಾಲೀಕರು.

ಶೆಡ್ಡಿನ ಕಬ್ಬಿಣದ ತೊಲೆಯಿಂದ ಭಾರ ಎತ್ತುವ ಸರಪಳಿ ಇಳಿಬಿದ್ದಿತ್ತು. ಮರಳು ತುಂಬಿದ ಮೂಟೆಗೆ ಬೆಲ್ಟು ಸುತ್ತಿ, ಸರಪಳಿಗೆ ಸಿಕ್ಕಿಸಿ ಮೇಲಕ್ಕೆಳೆದರು. ಮೂಟೆ ನೇತಾಡಿತು. ಬೆಲ್ಟು ಹಾಗೇ ಇತ್ತು.

"ಏನ್ರೀ, ಏನಾಯ್ತು?" ಎಂದರು ಮಾಲೀಕರು.

"ಕಂಬದ ಮೇಲಿಂದ ಯಾರೂ ಮೆಲ್ಲಗೆ ಬೀಳಲ್ಲ ಸಾರ್." ಅಪ್ಪ ಲೋಡು ಹೊರುವ ಇಬ್ಬರನ್ನು ಕರೆದು, ನೇತಾಡುತ್ತಿದ್ದ ಮೂಟೆಯನ್ನು ಎದೆಯ ಎತ್ತರಕ್ಕೆ ಎತ್ತಿಸಿ, "ಈಗ ಬಿಡಿ" ಎಂದ.

ಪರ್ ಎಂದು ಸದ್ದಾಯಿತು. ಮೂಟೆ ನೆಲಕ್ಕಪ್ಪಳಿಸಿ ಒಡೆದು ಮರಳು ನನ್ನ ಕಾಲಿನವರೆಗೂ ಹರಿದು ಬಂತು. ಬೆಲ್ಟಿನ ಅರ್ಧ ಮಾತ್ರ ಸರಪಳಿಯಲ್ಲಿ ಉಳಿದಿತ್ತು. ಎಲ್ಲ ಯಂತ್ರಗಳೂ ನಿಂತವು. ದೊಡ್ಡಮ್ಮ ತನ್ನ ಕೈಗಳನ್ನೇ ನೋಡಿಕೊಂಡಳು. ಆ ಬೆಲ್ಟು ಹೊಲಿದವಳು ಅವಳೇ.

"ನಿಮ್ಮ ತಪ್ಪಲ್ಲಮ್ಮ, ಹೊಲಿಗೆ ಚೆನ್ನಾಗೇ ಇದೆ. ಹೆಂಗೆ ಹೊಲೀಬೇಕು ಅಂತ ಯಾರೂ ಹೇಳಿಲ್ಲ ಅಷ್ಟೆ" ಎಂದ ಅಪ್ಪ. "ಸ್ವಲ್ಪ ಜಾಗ ಕೊಡ್ತೀರಾ?"

ದೊಡ್ಡಮ್ಮ ಎದ್ದಳು. ಅಪ್ಪ ಅಂಗಿಯ ತೋಳು ಮಡಿಸಿ ಯಂತ್ರದ ಮುಂದೆ ಕೂತ. ಸೂಜಿ ಬದಲಿಸಿದ, ಚೀಲ ಹೊಲಿಯಲು ತಂದಿದ್ದ ನೈಲಾನ್ ದಾರ ಪೋಣಿಸಿದ, ಹೊಲಿಗೆ ಬಿಡಿಬಿಡಿಯಾಗಿ ಬೀಳುವಂತೆ ತಿರುಪು ತಿರುಗಿಸಿದ. ಅಡ್ಡಕ್ಕೆ ಒಂದೇ ಗೆರೆ ಹಾಕುವ ಬದಲು ಒಂದು ಚೌಕ, ಅದರೊಳಗೆ ಮೂಲೆಯಿಂದ ಮೂಲೆಗೆ ಎರಡು ಗೆರೆ. ನಾನು ಪಕ್ಕದಲ್ಲೇ ನಿಂತಿದ್ದೆ. ಅಪ್ಪ ಕೆಲಸ ಮಾಡುವುದನ್ನು ನಾನು ನೋಡಿದ್ದು ಅದೇ ಮೊದಲು. ರಜೆಗೆ ಬರುತ್ತಿದ್ದ ಅಪ್ಪ ಬೇರೆ, ಇವನು ಬೇರೆ ಎನ್ನಿಸಿತು. ಯಾರೋ ಟೀ ತಂದಿಟ್ಟರು. ಅದು ಆರಿ ಕೆನೆಗಟ್ಟಿತು, ಅವನು ತಿರುಗಿಯೂ ನೋಡಲಿಲ್ಲ.

ಹೊಸ ಬೆಲ್ಟಿಗೆ ಇನ್ನೊಂದು ಮೂಟೆ ಕಟ್ಟಿ ಮೂರು ಸಲ ಬೀಳಿಸಿದರು. ಮೂಟೆ ಸರಪಳಿಯಲ್ಲಿ ಕುಣಿಯಿತು. ಒಂದು ಎಳೆಯೂ ಬಿಡಲಿಲ್ಲ.

ಆಗ ದೊಡ್ಡಮ್ಮ ಕೇಳಿದಳು, "ಸಾರ್, ನೀವ್ ಮಡಿಸಿದ ಛತ್ರಿ ಕಟ್ಕಂಡು ನೀವೇ ಯಾವತ್ತಾರ ಆರಿದ್ರಾ?"

ಕೀಟಲೆಯ ಪ್ರಶ್ನೆಯಲ್ಲ, ತಿಳಿಯಬೇಕೆಂದೇ ಕೇಳಿದ್ದಳು. ಅಪ್ಪ ಕುಣಿಯುತ್ತಿದ್ದ ಮೂಟೆಯನ್ನು ಕೈಯಿಂದ ಹಿಡಿದು ನಿಲ್ಲಿಸಿದ.

"ಇಲ್ಲಮ್ಮ. ಹದಿನೈದು ವರ್ಷ ಬೇರೆಯವರನ್ನೇ ಹಾರಿಸ್ದೆ. ನಂಗೆ ಎತ್ತರ ಅಂದ್ರೆ ಭಯ."

ಹಾಗೆಂದವನು ಮೂಟೆಯಿಂದ ಬೆಲ್ಟು ಬಿಚ್ಚಿ ತನ್ನ ಸೊಂಟಕ್ಕೆ ಕಟ್ಟಿಕೊಂಡ. ಬೇಡ ಎಂದು ಮಾಲೀಕರೇ ಅಂದರು. ಅಪ್ಪ ಸರಪಳಿಗೆ ಸಿಕ್ಕಿಸಿಕೊಂಡು, ಎಳೆಯಿರಿ ಎಂದು ಸನ್ನೆ ಮಾಡಿದ. ಪಾಲಿಶ್ ಹಾಕಿದ ಅವನ ಷೂ ನೆಲ ಬಿಟ್ಟು ನನ್ನ ತಲೆಯ ಮಟ್ಟಕ್ಕೆ ಬಂತು, ಅದನ್ನೂ ದಾಟಿತು. ಅವನು ಕಣ್ಣು ಮುಚ್ಚಿಕೊಂಡಿದ್ದ, ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ನಾನು ಜೋರಾಗಿ ಅಳತೊಡಗಿದೆ. ದೊಡ್ಡಮ್ಮ ನನ್ನನ್ನು ಸೊಂಟಕ್ಕೆ ಒತ್ತಿಕೊಂಡು, "ಅಳ್ಬ್ಯಾಡ ಕಣವ್ವ, ನೋಡು, ನಿಮ್ಮಪ್ಪ ಎಂಗೆ ನಿಂತವ್ನೆ ಗಾಳೀಲಿ" ಎಂದಳು. ಅವಳ ಸೀರೆಗೂ ಮೇಣದ ವಾಸನೆಯಿತ್ತು. ಅಪ್ಪ ಮೆಲ್ಲನೆ ಕಣ್ಣು ತೆರೆದು, ಹಿಡಿದುಕೊಂಡಿದ್ದ ಸರಪಳಿಯಿಂದ ಮೊದಲು ಒಂದು ಕೈ ಬಿಟ್ಟ. ಆಮೇಲೆ ಇನ್ನೊಂದನ್ನೂ ಬಿಟ್ಟ.

ಕೆಳಗಿಳಿದು ಅವನು ಬೆಲ್ಟು ಬಿಚ್ಚಿದ. ಮಾಲೀಕರು ಕನ್ನಡಕ ತೆಗೆದು ಒರೆಸಿಕೊಂಡರು.

"ಮೇಸ್ತ್ರಿ ಕೆಲ್ಸ ಅಂತ ಈಗ್ಲೇ ಹೇಳಕ್ಕಾಗಲ್ಲ. ಮೆಷಿನ್ ಮೇಲೆ ಕೂರ್ತೀರಾ?"

"ಕೂರ್ತೀನಿ ಸಾರ್. ಆದ್ರೆ ಈ ರಾಶಿ ಅಷ್ಟೂ ಬಿಚ್ಚಬೇಕು."

ಮಾಲೀಕರು ರಾಶಿಯನ್ನು ನೋಡಿದರು, ನೆಲದ ಮೇಲಿನ ಮರಳನ್ನು ನೋಡಿದರು. "ಬಿಚ್ಚಿ" ಎಂದು ಒಳಗೆ ಹೋದರು.

ಸಂಜೆಯವರೆಗೂ ಎಲ್ಲರೂ ಕೂತು ಹೊಲಿಗೆ ಬಿಚ್ಚಿದರು. ದೊಡ್ಡಮ್ಮನ ಡಬ್ಬಿಯಿಂದ ನಾನು ಚಿತ್ರಾನ್ನ ತಿಂದೆ, ತುಂಡು ದಾರಗಳನ್ನೆಲ್ಲ ಆರಿಸಿ ಬುಟ್ಟಿಗೆ ಹಾಕಿದೆ. ಮನೆಗೆ ಬಂದಾಗ ತಾತ ಎಲ್ಲವನ್ನೂ ಕೇಳಿಸಿಕೊಂಡು, "ಅಂಗಾರೆ ಅಷ್ಟು ದೂರ ಓಗಿ ಕಲ್ತಿದ್ದು ದರ್ಜಿ ಕೆಲ್ಸಾನೇನ್ಲಾ?" ಎಂದ. "ಹೂಂ ಕಣಪ್ಪ" ಎಂದು ಅಪ್ಪ ಊಟಕ್ಕೆ ಕೂತ. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೋದ. ತಮ್ಮ ಹುಟ್ಟುವ ಹೊತ್ತಿಗೆ ಅವನು ಬೆಲ್ಟಿನ ವಿಭಾಗ ನೋಡಿಕೊಳ್ಳುತ್ತಿದ್ದ. ಕಣ್ಣು ಮಂಜಾಗುವವರೆಗೂ ಅಲ್ಲೇ ದುಡಿದ.

ಈಗ ನಾವು, ಮೊಮ್ಮಕ್ಕಳೇ, ಆ ರಾಗಿ ಹೊಲಗಳಿದ್ದ ಕಡೆಯೇ ಒಂಬತ್ತನೆಯ ಮಹಡಿಯಲ್ಲಿ ಇದ್ದೇವೆ. ನಿಮ್ಮ ಅಪ್ಪ, ಅಮ್ಮ ಪಕ್ಕದ ಕೋಣೆಯಲ್ಲೇ ಕೂತು ಕೆಲಸ ಮಾಡುತ್ತಾರೆ. ವಾಸನೆಯಿಲ್ಲ, ಸದ್ದಿಲ್ಲ, ಬಾಗಿಲು ಮುಚ್ಚಿರುತ್ತದೆ. ಒಳಗೆ ಏನು ನಡೆಯುತ್ತಿದೆ ಎಂದರೆ "ಮೀಟಿಂಗ್" ಎನ್ನುತ್ತೀರಿ. ಎರಡು ಬಸ್ಸು ಹತ್ತಿ ಹೋದ ನಾನು ನೋಡಿದಷ್ಟನ್ನು ನೀವು ಒಂದು ಗೋಡೆಯ ಈಚೆಗಿದ್ದೂ ನೋಡಿಲ್ಲ. ಮೊನ್ನೆ ಈ ಕಥೆ ಕೇಳಿದ ಮೇಲೆ ನಿಮ್ಮಲ್ಲಿ ಚಿಕ್ಕವಳಾದ ಪುಟ್ಟಿ ಒಂದು ಸ್ಟೂಲು ಎಳೆದುಕೊಂಡು ಹೋಗಿ ನಿಮ್ಮಪ್ಪನ ಪಕ್ಕ ಕೂತಳು. ಅವನು ಕಿವಿಯಿಂದ ಹೆಡ್‌ಫೋನ್ ತೆಗೆದು, ಪರದೆಯನ್ನು ಅವಳ ಕಡೆ ತಿರುಗಿಸಿ, ಅರ್ಧ ಗಂಟೆ ಏನೇನೋ ತೋರಿಸಿದ. ಬಾಗಿಲಲ್ಲಿ ನಿಂತು ನಾನೂ ಕೇಳಿಸಿಕೊಂಡೆ. ನನಗೆ ಒಂದಕ್ಷರವೂ ತಿಳಿಯಲಿಲ್ಲ. ಅವಳಿಗೆ ಎಲ್ಲ ತಿಳಿಯಿತಂತೆ.