ಮಾವನ ಕಾರು, ದೇವರ ಹೂವು

ಬೇಲಾಪುರದ ಆಫೀಸಿಗೆ ಹೋಗುವ ಬಸ್ಸಿನಲ್ಲಿ ಮೊನ್ನೆ ಕ್ಲಚ್ ಸುಟ್ಟ ವಾಸನೆ ಬಂತು. ಪಕ್ಕದ ಸೀಟಿನ ಹೆಂಗಸು ದುಪಟ್ಟಾದಿಂದ ಮೂಗು ಮುಚ್ಚಿಕೊಂಡು ಡ್ರೈವರನ ವಂಶವನ್ನೆಲ್ಲ ಮರಾಠಿಯಲ್ಲಿ ವಿಚಾರಿಸಿಕೊಂಡಳು. ನಾನು ಮಾತ್ರ ಮದುವೆಮನೆಯ ಒಗ್ಗರಣೆಯ ವಾಸನೆ ಹಿಡಿದವಳ ಹಾಗೆ ಉಸಿರೆಳೆದುಕೊಂಡು ಕೂತೆ. ಅದರ ಹಿಂದೆಯೇ ಮಾವ ಬಂದರು... ಪ್ರೀತಿಯಿಂದ ನೆನಪಾದರು ಎಂದು ಬರೆಯಲು ಮನಸ್ಸು ಒಪ್ಪುವುದಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಒದೆಯುವವರು ಒದೆಯಲಿ, ನಾನು ಹೇಳುತ್ತೇನೆ.

ಮಾವ ಎಂದರೆ ಅಮ್ಮನ ತಮ್ಮ. ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕೆ ಅವರ ಹೋಟೆಲು, ಠಾಕುರ್ಲಿಯಲ್ಲಿ ಮನೆ, ಠಾಣೆಯ ಕಾರ್ಖಾನೆಗಳ ನಡುವೆ ಒಂದು ಶೆಡ್ಡು. ಆ ಶೆಡ್ಡಿನಲ್ಲಿ ಎರಡು ರೇಸ್ ಕಾರುಗಳಿದ್ದವು. ನಾಲ್ಕು ಚಕ್ರವೂ ಮೈಯಿಂದ ಹೊರಗೆ ಚಾಚಿಕೊಂಡಿರುವ, ಒಬ್ಬರೇ ಕಾಲು ನೀಡಿ ಅರ್ಧ ಮಲಗಿದ ಹಾಗೆ ಕೂರಬೇಕಾದ ಕಾರುಗಳು. ಉಡುಪಿ ಕಡೆಯಿಂದ ಬಂದು ಹೋಟೆಲಿಟ್ಟವರು ಕೈಯಲ್ಲಿ ನಾಲ್ಕು ಕಾಸಾದ ಮೇಲೆ ಊರಿನಲ್ಲಿ ಮನೆ ಕಟ್ಟಿಸುತ್ತಾರೆ, ಇಲ್ಲವೇ ಇನ್ನೊಂದು ಹೋಟೆಲು ಹಾಕುತ್ತಾರೆ. ನಮ್ಮ ಮಾವ ರೇಸ್ ಟೀಮು ಕಟ್ಟಿದರು. "ಇವರಿಗೆ ಮೊದಲನೇ ಹೆಂಡತಿ ಟೈರು, ನಾನು ಎರಡನೆಯವಳು" ಎಂದು ಅತ್ತೆ ಬಂದವರೆದುರೆಲ್ಲ ಹೇಳುತ್ತಿದ್ದರು. ಮಾವ ನಗುತ್ತಿದ್ದರು, ಅಲ್ಲವೆಂದು ಎಂದೂ ಹೇಳಲಿಲ್ಲ.

ನನ್ನನ್ನು ಈ ಹುಚ್ಚಿಗೆ ಹಚ್ಚಿದವರೂ ಅವರೇ. ಮಕ್ಕಳಿಲ್ಲದ ಮನೆ, ನಾನೊಬ್ಬಳೇ ಸೋದರಸೊಸೆ. ವಾಶಿಯ ಆಚೆ ಪುಟ್ಟ ಕಾರ್ಟ್ ಓಡಿಸುವ ಒಂದು ಟ್ರ್ಯಾಕ್ ಇತ್ತು. ಭಾನುವಾರ ಅಲ್ಲಿಗೆ ಕರೆದುಕೊಂಡು ಹೋಗಿ, ಹೆಲ್ಮೆಟ್ಟಿನೊಳಗೆ ನನ್ನ ಜಡೆ ತುರುಕಿ, "ಬ್ರೇಕನ್ನು ನೆನಪಿಡು, ಹೆದರಿಕೆಯನ್ನು ಮರೆ" ಎನ್ನುತ್ತಿದ್ದರು. ನಾನು ಮರೆತೆ. ಇದು ಎರಡು ಸಾವಿರದ ಮೊದಲ ದಶಕದ ಮಾತು. ಡೊಂಬಿವಲಿಯಲ್ಲಿ ನನ್ನ ಓರಗೆಯ ಹುಡುಗಿಯರು ಸ್ಕೂಟಿ ಕಲಿಯುತ್ತಿದ್ದಾಗ ನಾನು ಗುರುವಾರ ರಾತ್ರಿಯ ರೈಲು ಹಿಡಿದು ತಮಿಳುನಾಡಿನ ಟ್ರ್ಯಾಕುಗಳಿಗೆ ಹೋಗಿಬರುತ್ತಿದ್ದೆ. ಒಂದು ವರ್ಷ ನಮ್ಮ ಎರಡನೆಯ ಕಾರಿನ ಹುಡುಗನಿಗೆ ಕಾಮಾಲೆಯಾಗಿ, ಕೊನೆಯ ಕೆಲವು ರೇಸುಗಳಿಗೆ ಮಾವ ನನ್ನನ್ನು ಕೂರಿಸಿದರು. ಅವುಗಳಲ್ಲೊಂದರಲ್ಲಿ ಮೂರನೆಯವಳಾಗಿ ಬಂದು ಕಪ್ ಎತ್ತಿಕೊಂಡೆ. ಮಾವ ಅದನ್ನು ಹೋಟೆಲಿನ ಗಲ್ಲಾದ ಮೇಲೆ, ದೇವರ ಫೋಟೋದ ಪಕ್ಕ ಇಟ್ಟರು. ದೋಸೆ ತಿನ್ನಲು ಬಂದವರಿಗೆಲ್ಲ ಅದರ ಕತೆ ಕೇಳದೆ ಬಿಡುಗಡೆ ಇರಲಿಲ್ಲ.

ಸೀಸನ್ ಮುಗಿದು ಇನ್ನೊಂದು ಶುರುವಾಗುವ ನಡುವಿನ ತಿಂಗಳುಗಳೇ ಮಾವನಿಗೆ ನಿಜವಾದ ಹಬ್ಬ. ಯಾರು ಯಾವ ಟೀಮು ಬಿಟ್ಟರು, ಯಾರನ್ನು ಯಾರು ಎಳೆದುಕೊಂಡರು, ಯಾವ ಸೀಟು ಖಾಲಿ ಬಿತ್ತು... ವಿದೇಶದ ದೊಡ್ಡ ದೊಡ್ಡ ಟೀಮುಗಳಿಂದ ಹಿಡಿದು ನಮ್ಮ ಪುಡಿ ಟೀಮುಗಳವರೆಗೆ ಎಲ್ಲರ ಜಾತಕ ಅವರ ಬಾಯಲ್ಲಿತ್ತು. ಮೇ ತಿಂಗಳ ಕೊನೆಯಲ್ಲಿ, ಪತ್ತನಾಜೆಗೆ ಯಕ್ಷಗಾನದ ತಿರುಗಾಟ ಮುಗಿದ ಮೇಲೆ ಕಲಾವಿದರು ಮೇಳ ಬದಲಾಯಿಸುತ್ತಾರಲ್ಲ, ಅದೇ ಲೆಕ್ಕ ಎನ್ನುತ್ತಿದ್ದರು. ಆ ವರ್ಷ ನಮ್ಮ ಮೊದಲನೆಯ ಕಾರಿನ ಡ್ರೈವರನೇ ಬೇರೆ ಟೀಮಿಗೆ ಹಾರಿದ. ಫೋನಿಟ್ಟ ಮಾವ, ಹೋಟೆಲಿನ ಮಾಣಿಗಳೆಲ್ಲರ ಎದುರು ನನ್ನನ್ನು ಕರೆದು ಹೇಳಿದರು:

"ನಮ್ಮ ಮುಖ್ಯ ವೇಷ ಬೇರೆ ಮೇಳಕ್ಕೆ ಹೋಯ್ತು ಮಾರಾಯ್ತಿ. ಈ ಸಲ ಬಣ್ಣ ಹಚ್ಚುವುದು ನೀನೇ. ಒಂದನೇ ಕಾರು ನಿಂದು."

ಆ ಮಾತು ಕೇಳಿದ ದಿನ ಹೋಟೆಲಿನಿಂದ ಮನೆಯವರೆಗೆ ಹೇಗೆ ನಡೆದೆನೋ ಗೊತ್ತಿಲ್ಲ. ಅಷ್ಟು ಖುಷಿ ನನಗೆ ಮದುವೆಯಲ್ಲೂ ಆಗಲಿಲ್ಲ.

ಆಮೇಲೆ ಪ್ರಾಕ್ಟೀಸಿಗೆಂದು ಕೊಯಮತ್ತೂರಿಗೆ ಹೋದೆವು. ಒಂದು ತಿರುವಿನಲ್ಲಿ ಹಿಂದಿನ ಚಕ್ರ ಜಾರಿ, ಕಾರು ಬುಗುರಿಯಾಡಿ ಟೈರುಗಳ ಗೋಡೆಗೆ ಹೊಡೆಯಿತು. ನನಗಾದದ್ದು ಭುಜ ನೀಲಿಗಟ್ಟಿದ್ದು, ಅಷ್ಟೆ. ರೇಸಿನಲ್ಲಿ ಇದು ಅಡುಗೆಮನೆಯಲ್ಲಿ ಕೈಗೆ ಎಣ್ಣೆ ಸಿಡಿದಷ್ಟೇ ಮಾಮೂಲು. ನಾನು ನಗುತ್ತ ಇಳಿದೆ. ಮಾವ ನಗಲಿಲ್ಲ. ವಾಪಸು ಬರುವ ರೈಲಿನಲ್ಲಿ ಇಡೀ ದಾರಿ ಕಿಟಕಿಯ ಹೊರಗೆ ನೋಡುತ್ತಿದ್ದರು. ಕಾರು ರಿಪೇರಿಯ ಚಿಂತೆ ಇರಬೇಕು ಅಂದುಕೊಂಡೆ.

ವಾರ ಕಳೆಯುವಷ್ಟರಲ್ಲಿ ಮಾವ ಮನೆಗೆ ಬಂದು ಅಮ್ಮನಿಗೆ, "ಅಕ್ಕಾ, ಒಂದನೇ ಕಾರಿನ ವಿಷಯ ಸಣ್ಣದಲ್ಲ. ಒಮ್ಮೆ ದೇವರಲ್ಲಿ ಕೇಳುವ" ಎಂದರು.

ನಮ್ಮ ಮನೆಯಲ್ಲಿ ಇದು ಹೊಸದಲ್ಲ. ಒಂದು ಬಿಳಿ ಹೂವು, ಒಂದು ಕೆಂಪು ಹೂವು ತಂದು, ಬಾಳೆಲೆಯ ಚೂರಿನಲ್ಲಿ ಒಂದೇ ಥರ ಪೊಟ್ಟಣ ಕಟ್ಟಿ ದೇವರ ಮುಂದೆ ಇಡುವುದು. ಸಣ್ಣ ಮಗುವೊಂದರ ಕೈಯಲ್ಲಿ ಒಂದನ್ನು ಎತ್ತಿಸುವುದು. ಬಿಳಿ ಬಂದರೆ ಅಪ್ಪಣೆಯಾಯಿತು, ಕೆಂಪು ಬಂದರೆ ಬೇಡ ಎಂದರ್ಥ. ಉಳಿದ ಪೊಟ್ಟಣವನ್ನು ಬಿಚ್ಚಬಾರದು, ಹಾಗೆಯೇ ತುಳಸಿಯ ಬುಡಕ್ಕೆ ಹಾಕಬೇಕು. ಬಿಚ್ಚಿದರೆ ದೇವರನ್ನು ಪರೀಕ್ಷೆ ಮಾಡಿದ ಹಾಗೆ. ಹೋಟೆಲು ಹಾಕಿದ್ದು, ಅಮ್ಮನ ಮಂಡಿಯ ಆಪರೇಷನ್ನು, ಎಲ್ಲವೂ ಹೂವಿನ ಅಪ್ಪಣೆಯಿಂದಲೇ ಆಗಿತ್ತು. ಆದ್ದರಿಂದ ನನಗೆ ಸಂಶಯವೆಂಬುದು ಬರಲೇ ಇಲ್ಲ.

ಠಾಕುರ್ಲಿಯ ಅವರ ಮನೆಯಲ್ಲೇ ಕೇಳಿದ್ದು, ಪೊಟ್ಟಣ ಕಟ್ಟಿದವರು ಮಾವ. ಸ್ನಾನ ಮಾಡಿ, ಮಡಿ ಪಂಚೆ ಉಟ್ಟು, ಕಣ್ಣು ಮುಚ್ಚಿ, ಈ ವರ್ಷ ಇವಳು ರೇಸ್ ಕಾರಿನಲ್ಲಿ ಕೂರಬಹುದೋ ಕೂಡದೋ ಎಂದು ಗಟ್ಟಿಯಾಗಿ ಕೇಳಿದರು. ಎದುರು ಮನೆಯ ಮಗು ಒಂದನ್ನು ಎತ್ತಿಕೊಟ್ಟಿತು. ಕೆಂಪು ಬಂತು.

ಅಮ್ಮ ಮೆಲ್ಲಗೆ, "ದೇವರ ಮಾತಿನ ಮೇಲೆ ಮಾತುಂಟಾ ಮಗಾ..." ಎಂದಳು. ಮಾವ ನನ್ನ ತಲೆ ಸವರಿದರು. ಅವರ ಕಣ್ಣಲ್ಲಿ ನೀರಿತ್ತು. ನನ್ನ ದುಃಖಕ್ಕೆ ಅಳುತ್ತಿದ್ದಾರೆ ಎಂದುಕೊಂಡು ನಾನೇ ಅವರನ್ನು ಸಮಾಧಾನ ಮಾಡಿದೆ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಅದಕ್ಕಿಂತ ಉರಿಯುವುದು ಮುಂದಿನದ್ದಕ್ಕೆ. ಎರಡು ದಿನ ಬಿಟ್ಟು, ಹೋಟೆಲಿನಲ್ಲಿ ಮಾವನ ಎದುರಿಗೇ ಕೂತಿದ್ದಾಗ ನನ್ನ ಮೊಬೈಲಿಗೆ ಫೋನು ಬಂತು. ಕೊಯಮತ್ತೂರಿನ ಇನ್ನೊಂದು ಟೀಮಿನ ಮ್ಯಾನೇಜರು. ಅವರಲ್ಲೂ ಒಂದು ಸೀಟು ಖಾಲಿಯಾಗಿತ್ತು. ನನ್ನ ರೇಸು ನೋಡಿದ್ದರಂತೆ, ನಾನೇ ಬೇಕಂತೆ. ಯಾವ ಹುಡುಗಿಗೆ ಅಂಥ ಫೋನು ಬರುತ್ತಿತ್ತು ಆಗ? ನಾನು ಹಿಂದಿಯಲ್ಲಿ, "ನಹೀ ಸರ್, ಹಮಾರೇ ಭಗವಾನ್ ನೇ ಮನಾ ಕಿಯಾ ಹೈ" ಎಂದೆ, ನಮ್ಮ ದೇವರು ಬೇಡ ಎಂದಿದ್ದಾನೆ ಅಂತ. ಆ ಮನುಷ್ಯ ತಮಾಷೆ ಎಂದುಕೊಂಡು ನಕ್ಕ. ನಾನು ಮತ್ತೆ ಅದನ್ನೇ ಹೇಳಿದೆ. ಅವನು ಫೋನಿಟ್ಟ.

ಮಾವ ಎಲ್ಲ ಕೇಳಿಸಿಕೊಂಡರು. ಗಲ್ಲಾದ ಹಿಂದೆ ಕೂತು, ಮಾಣಿಯನ್ನು ಕರೆದು, "ಇವಳಿಗೊಂದು ಬಾದಾಮ್ ಹಾಲು ಕೊಡು" ಎಂದರು. ಅಷ್ಟೇ ಅವರು ಹೇಳಿದ್ದು.

ನನ್ನ ಕಾರಿನಲ್ಲಿ ಪುಣೆಯ ಹುಡುಗನೊಬ್ಬ ಕೂತ. ಸೀಸನ್ನಿನ ನಡುವೆ ಕಾರು ಪಲ್ಟಿಯಾಗಿ ಕಾಲು ಮುರಿದುಕೊಂಡ. ಮಾವ ಮೂಸಂಬಿ ಹಣ್ಣು ತೆಗೆದುಕೊಂಡು ಆಸ್ಪತ್ರೆಗೆ ಹೋಗಿ ನೋಡಿಕೊಂಡು ಬಂದರು. ಅಮ್ಮ ನನ್ನ ಮುಖ ನೋಡಿ, "ಕಂಡಿಯಾ, ದೇವರು ನಿನ್ನನ್ನು ಕಾಪಾಡಿದ್ದು" ಎಂದಳು. ನಾನೂ ಹೌದೆಂದೆ. ಆದರೆ ಒಳಗೆ ಬೇರೆಯೇ ಇತ್ತು. ಕಾಲು ಮುರಿದರೆ ಮುರಿಯುತ್ತಿತ್ತು, ಕೂಡುತ್ತಿತ್ತು; ಕಾರಿನಲ್ಲಿ ಕೂರಲು ಬಿಡದ ದೇವರು ನನಗೆ ಬೇಡವಾದ. ಮುಂದಿನ ವರ್ಷ ಯಾರೂ ಫೋನು ಮಾಡಲಿಲ್ಲ. ಆ ಜಗತ್ತಿನಲ್ಲಿ ಒಂದು ವರ್ಷ ಕಾಣದವರು ಸತ್ತವರಿಗೆ ಸಮ. ನಾನು ಡಿಗ್ರಿ ಮುಗಿಸಿ, ಆಫೀಸು ಸೇರಿ, ಮದುವೆಯಾಗಿ ಕಲ್ಯಾಣಕ್ಕೆ ಹೋದೆ. ಊರಿಗೆ ಹೋದಾಗಲೆಲ್ಲ ಎಲ್ಲರೂ ಕುಲದೇವರ ಗುಡಿಯೊಳಗೆ ಹೋದರೆ ನಾನು ಹೊರಗೆ ಚಪ್ಪಲಿ ಕಾಯುತ್ತ ನಿಲ್ಲುತ್ತಿದ್ದೆ. ಮಾವನೊಂದಿಗೆ ಮಾತ್ರ ಹಿಂದಿನ ಹಾಗೇ ಇದ್ದೆ. ಪಾಪ, ಅವರೇನು ಮಾಡಿಯಾರು ಎಂದು.

ಕೆಲವು ವರ್ಷಗಳ ಹಿಂದೆ ಮಾವ ತೀರಿಕೊಂಡರು. ಉತ್ತರಕ್ರಿಯೆಯ ದಿನ ಊಟ ಮುಗಿದು ನೆಂಟರೆಲ್ಲ ಹೋದ ಮೇಲೆ, ನಾನು ಮತ್ತು ಅತ್ತೆ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದೆವು. ಅತ್ತೆ ತಲೆ ಎತ್ತದೆ ಹೇಳಿದರು:

"ನಿನ್ನ ಹತ್ರ ಒಂದು ಹೇಳ್ಬೇಕಿತ್ತು. ಅವತ್ತು ಉಳಿದ ಪೊಟ್ಟಣ ತುಳಸಿಗೆ ಹಾಕ್ಲಿಕ್ಕೆ ಹೋದವಳು ನಾನು. ಕೈಯಲ್ಲೇ ಬಿಚ್ಚಿ ಹೋಯ್ತು. ಅದರಲ್ಲೂ ಕೆಂಪೇ ಇತ್ತು."

ಒರೆಸುತ್ತಿದ್ದ ಪಾತ್ರೆಯನ್ನು ನಾನು ಕೆಳಗಿಟ್ಟೆ.

"ನಾನು ಕೇಳಿದೆ ಅವರನ್ನು, ಇದೆಂತ ಮಾಡಿದ್ದು ನೀವು ಅಂತ. ಮನೆಯ ಹುಡುಗಿಗೆ ಏನಾದ್ರೂ ಆದ್ರೆ ಅಕ್ಕನಿಗೆ ಹೇಗೆ ಮುಖ ತೋರಿಸುವುದು, ನಾನು ಬೇಡ ಅಂದ್ರೆ ಅವಳು ಕೇಳುವವಳಲ್ಲ ಅಂದ್ರು. ಯಾರಿಗೂ ಹೇಳ್ಬಾರದು ಅಂತ ನನ್ನಿಂದ ಆಣೆ ಹಾಕಿಸಿದ್ರು."

"ಫೋನು ಬಂದದ್ದು ಗೊತ್ತಾ ಅತ್ತೆ ನಿಮ್ಗೆ?"

"ಗೊತ್ತು. ಆ ದಿನ ಅವರು ಊಟ ಮಾಡ್ಲಿಲ್ಲ."

ಅವರು ಊಟ ಮಾಡಲಿಲ್ಲವಂತೆ. ನನ್ನ ಇಡೀ ಆಯುಷ್ಯಕ್ಕೆ ಅವರ ಒಂದು ಹೊತ್ತಿನ ಉಪವಾಸ ಸರಿಯಾಯಿತು. ಹೆದರಿಕೆ ಮರೆ ಎಂದು ನನಗೆ ಕಲಿಸಿದವರು ತಾವು ಹೆದರಿದ್ದನ್ನು ನನ್ನ ಮುಖಕ್ಕೆ ಹೇಳಲಾರದೆ ಹೋದರು. "ನನಗೆ ಧೈರ್ಯ ಸಾಲದು, ಬೇಕಾದರೆ ಬೇರೆ ಟೀಮಿಗೆ ಹೋಗು" ಎಂದಿದ್ದರೆ ಸಾಕಿತ್ತು. ಸಿಟ್ಟು ಮಾಡುತ್ತಿದ್ದೆ, ಕೂಗಾಡುತ್ತಿದ್ದೆ, ಹೋಗುತ್ತಿದ್ದೆ. ಪುಣೆಯ ಹುಡುಗನಿಗೂ ಒಬ್ಬ ತಾಯಿ ಇದ್ದಳಲ್ಲ, ಅವಳಿಗೆ ಮುಖ ತೋರಿಸುವುದು ಮಾವನಿಗೆ ಕಷ್ಟವಾಗಲಿಲ್ಲ. ಪರರ ಮಗ ಬಿದ್ದರೆ ಮೂಸಂಬಿ, ಮನೆಯವಳು ಬೀಳಬಹುದೆಂದರೆ ದೇವರು.

ಪ್ರೀತಿಯಿಂದ ಮಾಡಿದರು ಎಂದು ಅತ್ತೆ ಹೇಳುತ್ತಾರೆ. ನನ್ನ ಗಂಡನೂ ಹಾಗೇ ಹೇಳುತ್ತಾನೆ. ಇರಬಹುದು... ಆ ಪ್ರೀತಿ ನನ್ನ ಯಾವ ಕೆಲಸಕ್ಕೂ ಬರಲಿಲ್ಲ.

ಹೋದ ಸಲ ಊರಿಗೆ ಹೋದಾಗ, ಎಷ್ಟೋ ವರ್ಷಗಳ ಮೇಲೆ ಗುಡಿಯೊಳಗೆ ಹೋಗಿ ತಪ್ಪುಕಾಣಿಕೆ ಹಾಕಿದೆ. ದೇವರು ನನಗೆ ಬೇಡವೆಂದು ಎಂದೂ ಹೇಳಿರಲಿಲ್ಲ, ಅವನನ್ನು ಯಾರೂ ಕೇಳಿಯೇ ಇರಲಿಲ್ಲ. ಮಾಡದ ತಪ್ಪಿಗೆ ನನ್ನ ಮುನಿಸು ತಿಂದವನು ಅವನು. ಅಮ್ಮ ಬಹಳ ಸಂತೋಷಪಟ್ಟಳು. ಅವಳಿಗೆ ಇದೆಲ್ಲ ಗೊತ್ತಿಲ್ಲ. ತಮ್ಮನ ಫೋಟೋಕ್ಕೆ ದಿನಾ ಹೂವಿಡುತ್ತಾಳೆ, ಇಡಲಿ.

ದೇವರ ಜೊತೆ ರಾಜಿಯಾಯಿತು. ಮಾವನ ಜೊತೆ ಒಂದು ಸಲ, ಒಂದೇ ಸಲ, ಬಾಯಿ ತುಂಬ ಜಗಳವಾಡಬೇಕಿತ್ತು. ಅದಕ್ಕಾದರೂ ಅವರು ಇರಬೇಕಿತ್ತು.