ಉಮಾಮಹೇಶ್ವರಿ ವಾಕಿಟಾಕಿ ಆರಿಸಿದ್ದು

ಹಾಲಿನ ಪ್ಯಾಕೆಟ್ಟನ್ನೂ ತಿರುಗಿಸಿ ತಾರೀಖು ನೋಡದೆ ಒಳಗೆ ಬಿಡುವ ಹೆಂಗಸಲ್ಲ ಉಮಾಮಹೇಶ್ವರಿ. ಶಿವಮೊಗ್ಗದ ನವುಲೆಯಲ್ಲಿರುವ ಹಿರಿಯರ ಆರೈಕೆ ಮನೆಗೆ ಆಕೆ ಮೇಲ್ವಿಚಾರಕಿ. ಅದಕ್ಕೆ ಮೊದಲು ಭದ್ರಾವತಿಯ ಕಾರ್ಖಾನೆ ಆಸ್ಪತ್ರೆಯೊಂದರಲ್ಲಿ ನರ್ಸಾಗಿ ದುಡಿದು ನಿವೃತ್ತಳಾದವಳು. ಮಾತ್ರೆ ನುಂಗಿದೆ ಎಂದ ರೋಗಿಯ ನಾಲಿಗೆ ಎತ್ತಿಸಿ ನೋಡುವುದು, ಜ್ವರ ಬಿಟ್ಟಿದೆ ಎಂದವನ ಹಣೆ ಮುಟ್ಟುವುದು, ರಜೆಗೋಸ್ಕರ ಸೊಂಟ ಹಿಡಿದುಕೊಂಡು ಬಂದ ಕಾರ್ಮಿಕನ ಎದುರು ಬೇಕೆಂದೇ ಪೆನ್ನು ಬೀಳಿಸಿ ಅವನು ಬಗ್ಗಿ ಎತ್ತಿಕೊಡುತ್ತಾನೋ ಎಂದು ಕಾಯುವುದು, ಇವುಗಳಲ್ಲೇ ಆಕೆಯ ಹರೆಯ ಕಳೆಯಿತು. ಗಂಡ ಶಿವರಾಜ್ ಬದುಕಿದ್ದಾಗ, "ನನ್ನ ಬಾಯಿಗೂ ಥರ್ಮಾಮೀಟರ್ ಇಟ್ಟೇ ಮಾತಾಡಿಸ್ತೀಯಲ್ಲ ಮಾರಾಯ್ತಿ" ಎನ್ನುತ್ತಿದ್ದ. ಆಕೆ ಗಂಡನನ್ನು ಹೆಸರು ಹಿಡಿದೇ ಕರೆಯುತ್ತಿದ್ದಳು. ಅತ್ತೆ ಕೆಲವು ಕಾಲ ಮುಖ ಗಂಟು ಹಾಕಿಕೊಂಡಿದ್ದು, ಆಮೇಲೆ ಕಿವಿಗೆ ರೂಢಿ ಮಾಡಿಕೊಂಡರು.

ಅನುಮಾನ ಆಕೆಗೆ ದುಡಿಮೆ ಕಲಿಸಿದ ಗುಣ. ಅದರಿಂದ ಕೆಲವರು ಬದುಕಿಕೊಂಡಿದ್ದರು, ಬಹಳ ಮಂದಿ ದೂರವಾಗಿದ್ದರು. ಎರಡಕ್ಕೂ ಆಕೆ ತಲೆ ಕೆಡಿಸಿಕೊಂಡಿರಲಿಲ್ಲ.

ಆರೈಕೆ ಮನೆ ಎರಡು ಅಂತಸ್ತಿನದು. ಹಿಂಬದಿಗೆ ಇನ್ನೊಂದು ಕಟ್ಟಡ ಅಂಟಿಸಿದ್ದರು. ಅಲ್ಲಿ ಕೂಗಿದರೆ ಮುಂದಿನ ಹಜಾರಕ್ಕೆ ಕೇಳುತ್ತಿರಲಿಲ್ಲ. ಆಯಾಗಳು ಒಬ್ಬರನ್ನೊಬ್ಬರು ಮೊಬೈಲಿನಲ್ಲಿ ಕರೆಯುತ್ತಿದ್ದರು. ಒಬ್ಬಳ ಫೋನು ಸದಾ ಬಿಜಿ, ಇನ್ನೊಬ್ಬಳದು ಸೈಲೆಂಟು, ಮತ್ತೊಬ್ಬಳ ಬ್ಯಾಟರಿ ಸೀರಿಯಲ್ ನೋಡಿಯೇ ಮುಗಿದಿರುತ್ತಿತ್ತು. ಇದು ಸಾಕೆಂದು ಮನೆಯ ಒಡತಿ ಡಾಕ್ಟರ್ ಪ್ರಿಯದರ್ಶಿನಿ ಎಲ್ಲರಿಗೂ ವಾಕಿಟಾಕಿ ಕೊಡಿಸಲು ನಿರ್ಧರಿಸಿದರು. ಯಾವುದು ಕೊಳ್ಳಬೇಕೆಂದು ನೋಡುವ ಕೆಲಸ ಉಮಾಮಹೇಶ್ವರಿಯ ಪಾಲಿಗೆ ಬಂತು.

ಮ್ಯಾನೇಜರ್ ತ್ರಿವಿಕ್ರಮ ಅಂಗಡಿಯವನೊಬ್ಬನನ್ನು ಕರೆಸಿದ. ಹೆಸರು ಅತುಲ್. ಕಲ್ಯಾಣ ಮಂಟಪಗಳಿಗೆ ವಾಕಿಟಾಕಿ ಸೆಟ್ಟುಗಳನ್ನು ಬಾಡಿಗೆಗೆ ಕೊಡುವವನು. ಅಂಗೈಯಗಲದ ಚಿಕ್ಕವು ಕೆಲವು, ಇಟ್ಟಿಗೆಯಂಥ ದೊಡ್ಡವು ಕೆಲವು ತಂದು ಮೇಜಿನ ಮೇಲೆ ಹರಡಿದ. ಬಂದವನೇ ಮ್ಯಾನೇಜರನ್ನು "ಏನೋ ವಿಕ್ಕಿ" ಎಂದು ಮಾತಾಡಿಸಿದ್ದು ಉಮಾಮಹೇಶ್ವರಿಯ ಕಿವಿಯಲ್ಲಿ ಉಳಿಯಿತು.

"ಇವು ಹೊಸದೇನಪ್ಪ?"

"ಬಾಕ್ಸ್ ಪೀಸ್ ಮೇಡಂ."

ಆಕೆ ಒಂದು ಸೆಟ್ಟನ್ನು ಎತ್ತಿ ಮೂಸಿದಳು. "ಗಂಧದ ವಾಸನೆ ಬರ್ತಿದೆ. ಗುಂಡಿ ಸಂದಿಯಲ್ಲಿ ಅರಿಶಿನ. ಯಾರ ಮದುವೆ ಮುಗಿಸ್ಕೊಂಡು ಬಂತು ಇದು?"

ಅತುಲ್ ಹಲ್ಲು ಬಿಟ್ಟ. "ಅದು ತೋರಿಸೋಕೆ ಅಂತ ಇಟ್ಟಿರೋದು ಮೇಡಂ. ನಿಮಗೆ ಹೊಸದೇ ಕೊಡ್ತೀನಿ."

"ಮತ್ತೆ ಬಾಕ್ಸ್ ಪೀಸ್ ಅಂದ್ಯಲ್ಲ? ಹೋಗ್ಲಿ, ಇದಕ್ಕೆ ಲೈಸೆನ್ಸ್ ಬೇಡ್ವಾ?"

"ಇಷ್ಟು ಕಮ್ಮಿ ಪವರಿನ ಸೆಟ್ಟಿಗೆ ಬೇಡ."

"ಬೇಡ ಅನ್ನೋದಕ್ಕೆ ಕಾಗದ ಇದ್ಯಾ?"

ತ್ರಿವಿಕ್ರಮ ಕುರ್ಚಿಯಲ್ಲಿ ಮಿಸುಕಾಡಿದ. "ಸಿಸ್ಟರ್, ಎಲ್ಲದ್ರಲ್ಲೂ ಹುಳ ಹುಡುಕ್ಬೇಡಿ."

"ಹುಡುಕಲ್ಲ ಸಾರ್. ಕಂಡದ್ದನ್ನ ಹೇಳ್ತೀನಿ."

ಕೊನೆಗೆ ಮೊದಲು ಚಿಕ್ಕವನ್ನೂ ಆಮೇಲೆ ದೊಡ್ಡವನ್ನೂ ಬಳಸಿ ನೋಡುವುದೆಂದು ತೀರ್ಮಾನವಾಯಿತು. ತ್ರಿವಿಕ್ರಮ ಆಯಾಗಳನ್ನು ಸಾಲಾಗಿ ನಿಲ್ಲಿಸಿ ಪಾಠ ಮಾಡಿದ: ಗುಂಡಿ ಒತ್ತಬೇಕು, ಯಾರಿಗೆ, ಎಲ್ಲಿ, ಏನಾಯಿತು ಎಂದು ಹೇಳಬೇಕು, ಗುಂಡಿ ಬಿಡಬೇಕು. ಹಿರಿಯರ ಹೆಸರನ್ನೇ ಹೇಳಬೇಕು, ರೂಮಿನ ನಂಬರ್ ಕೂಡದು. ಈ ಕೊನೆಯ ಕಟ್ಟಳೆ ಹಳೆಯದು. ಅಲ್ಲಿದ್ದವರಲ್ಲಿ ಬಹಳ ಮಂದಿ ಭದ್ರಾವತಿಯ ಕಾರ್ಖಾನೆಯಲ್ಲಿ ದುಡಿದವರು. ಒಮ್ಮೆ ಯಾರೋ "ಹನ್ನೊಂದನೇ ನಂಬರಿಗೆ ಕಾಫಿ" ಎಂದಾಗ ರಾಮಚಂದ್ರಪ್ಪ ಎಂಬ ನಿವೃತ್ತ ಫಿಟ್ಟರ್ ಲೋಟ ಹಿಂದಕ್ಕೆ ಕಳಿಸಿದ್ದರು. "ಬದುಕಿಡೀ ಟೋಕನ್ ನಂಬರಲ್ಲಿ ಕರೆಸ್ಕೊಂಡೆ. ಸಾಯೋ ಹೊತ್ತಿಗಾದ್ರೂ ಮನುಷ್ಯನ ಹಂಗೆ ಕರೀರಿ" ಎಂದಿದ್ದರು. ಅಂದಿನಿಂದ ನಂಬರ್ ಬಂದ್.

ಆಯಾಗಳ ಪೈಕಿ ಸಣ್ಣಮ್ಮ ಉಮಾಮಹೇಶ್ವರಿಯ ಊರಿನವಳೇ. ಇಬ್ಬರ ಮನೆಯೂ ಭದ್ರಾವತಿಯ ಜನ್ನಾಪುರದಲ್ಲಿ. ಇಬ್ಬರೂ ಒಂದೇ ಬಸ್ಸಿಗೆ ಬಂದು ಒಂದೇ ಬಸ್ಸಿಗೆ ಹೋಗುವವರು. ಸಣ್ಣಮ್ಮ ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು, ಬಾಯಿ ಇನ್ನೂ ಗಟ್ಟಿ. ಗಂಡ ಗೂಡ್ಸ್ ಆಟೋ ಓಡಿಸುತ್ತಿದ್ದವನು ಕಾಲು ಮುರಿದುಕೊಂಡು ಮನೆ ಹಿಡಿದ ಮೇಲೆ ಆಕೆಗೆ ಈ ಕೆಲಸ ಕೊಡಿಸಿದ್ದು ಉಮಾಮಹೇಶ್ವರಿಯೇ. ಆ ಮನೆಯ ಒಲೆ ಉರಿಯುತ್ತಿದ್ದುದು ಇದೊಂದರಿಂದ.

ಸೆಟ್ಟಿನ ಹಿಂದೆ ಬೆಲ್ಟಿಗೆ ಸಿಕ್ಕಿಸುವ ಕ್ಲಿಪ್ ಇತ್ತು. ಸೀರೆ ಉಟ್ಟವರಿಗೆ ಬೆಲ್ಟೆಲ್ಲಿ? ಸಣ್ಣಮ್ಮ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮೊದಲ ದಿನವೇ ಅಜ್ಜಿಯೊಬ್ಬರನ್ನು ಎಬ್ಬಿಸಿ ಕೂರಿಸಲು ಬಗ್ಗಿದಾಗ ಗುಂಡಿ ತಾನಾಗಿ ಒತ್ತಿಕೊಂಡಿತು. "ಮ್ಯಾನೇಜರ್ ಸಾಹೇಬ್ರು ತಲೆಗೆ ಬಣ್ಣ ಬಳ್ಕೊಂಡು ಬಂದವ್ರೆ ಅಜ್ಜಿ, ಹಣೆಗೂ ಸೇರಿಸಿ" ಎಂಬ ಮಾತು ಮನೆಯ ಎಲ್ಲ ಸೆಟ್ಟುಗಳಲ್ಲೂ, ಮ್ಯಾನೇಜರ್ ಮೇಜಿನ ಮೇಲಿದ್ದುದರಲ್ಲೂ, ಸ್ಪಷ್ಟವಾಗಿ ಕೇಳಿಸಿತು. ತ್ರಿವಿಕ್ರಮ ತನ್ನ ಸೆಟ್ಟಿನ ಸದ್ದು ತಗ್ಗಿಸಿದ. ಅದನ್ನು ಉಮಾಮಹೇಶ್ವರಿ ಗಮನಿಸಿದಳು. ಸೆಟ್ಟನ್ನು ಇನ್ನು ಮೇಲೆ ಸೀರೆಯ ಮೇಲೆ ತೊಡುವ ಕೆಲಸದ ಕೋಟಿನ ಮೇಲುಜೇಬಿನಲ್ಲೇ ಇಡಬೇಕೆಂದು ಆಕೆ ಎಲ್ಲರಿಗೂ ಹೇಳಿದಳು.

ಆಮೇಲೆ ಒಂದು ಬೆಳಿಗ್ಗೆ, ಹಿರಿಯರು ತಿಂಡಿಗೆ ಬಂದು ಕೂರುವ ಹೊತ್ತಿಗೆ, ಸೆಟ್ಟುಗಳಲ್ಲಿ ಸಣ್ಣಮ್ಮನ ಧ್ವನಿ ಸಿಡಿಯಿತು:

"ಅಕ್ಕಾ! ಬಚ್ಚಲಲ್ಲಿ ಬಿದ್ಬಿಟ್ಟವ್ರೆ! ಬೇಗ ಬನ್ನಿ!"

"ಯಾರು?" ಎಂದು ಉಮಾಮಹೇಶ್ವರಿ ಕೇಳಿದಳು. ಉತ್ತರವಿಲ್ಲ. ಆ ಮನೆಯಲ್ಲಿ ಪದೇಪದೇ ಬೀಳುವವರು ಶಿವಯೋಗಪ್ಪನವರು. ಎಲ್ಲರೂ ಮಹಡಿ ಹತ್ತಿ ಅವರ ಬಚ್ಚಲಿನ ಬಾಗಿಲು ತಳ್ಳಿದರು. ಅವರು ಮುಖಕ್ಕೆ ಸೋಪು ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತಿದ್ದರು. "ನಾನಿನ್ನೂ ಬಿದ್ದಿಲ್ಲ ಸಿಸ್ಟರ್" ಎಂದರು. ಅಲ್ಲಿಂದ ಒಂದೊಂದೇ ಬಾಗಿಲು ತೆಗೆದು ನೋಡುತ್ತಾ ಹಿಂದಿನ ಕಟ್ಟಡಕ್ಕೆ ಹೋಗಬೇಕಾಯಿತು. ಅಲ್ಲಿ ರಾಮಚಂದ್ರಪ್ಪನವರು ಒದ್ದೆ ನೆಲದ ಮೇಲೆ ಬಿದ್ದಿದ್ದರು. ಸಣ್ಣಮ್ಮ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಹಣೆಯಿಂದ ಸುರಿಯುವ ರಕ್ತವನ್ನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದಳು. ಸೆಟ್ಟು ಬಕೆಟ್ಟಿನ ಪಕ್ಕ "ಯಾರು? ಯಾರು?" ಎಂದು ಅರಚುತ್ತಿತ್ತು.

ಮೂಳೆ ಮುರಿದಿರಲಿಲ್ಲ. ಹಣೆಗೆ ಹೊಲಿಗೆ ಬಿತ್ತು. ಮಧ್ಯಾಹ್ನ ಪ್ರಿಯದರ್ಶಿನಿ ಅಂಗಡಿಯಿಂದ ಅತುಲನನ್ನೂ ಕರೆಸಿ, ಎಲ್ಲರನ್ನೂ ಕೂರಿಸಿ ಕೇಳಿದರು. "ಯಾರು ಅಂತ ಯಾಕೆ ಹೇಳಲಿಲ್ಲ ಸಣ್ಣಮ್ಮ?"

"ಹೇಳ್ದೆ ಡಾಕ್ಟ್ರಮ್ಮ. ಆ ಸೆಟ್ಟೇ ನುಂಗ್ಕಂತು."

ಅತುಲ್ ತಟ್ಟನೆ ಮಾತು ಹಿಡಿದುಕೊಂಡ. "ಹೌದು ಮೇಡಂ. ಒತ್ತಿದ ತಕ್ಷಣ ಮಾತಾಡಿದ್ರೆ ಚಿಕ್ಕ ಸೆಟ್ಟು ಮೊದಲನೇ ಪದ ನುಂಗುತ್ತೆ. ದೊಡ್ಡದ್ರಲ್ಲಿ ಈ ತೊಂದ್ರೆ ಇಲ್ಲ, ಅದನ್ನೇ ತಗೊಳ್ಳಿ."

ತ್ರಿವಿಕ್ರಮ ಬೇರೆಯೇ ರಾಗ ತೆಗೆದ. "ಸೆಟ್ಟು ಸರಿಯಾಗೇ ಇದೆ. ಈ ಹೆಂಗಸಿಗೆ ಕೆಲಸದ ಕಡೆ ಗಮನ ಇಲ್ಲ. ನಾಲಿಗೆ ಕಡೆ ಇದೆ."

ಪ್ರಿಯದರ್ಶಿನಿ ಮಾತು ಬೆಳೆಸುವವರಲ್ಲ. "ಸೆಟ್ಟಿನ ತಪ್ಪಾದ್ರೆ ಸೆಟ್ಟು ಅಂಗಡಿಗೆ. ಸಣ್ಣಮ್ಮನ ತಪ್ಪಾದ್ರೆ ಸಣ್ಣಮ್ಮ ಮನೆಗೆ. ಸಿಸ್ಟರ್, ಸೋಮವಾರದೊಳಗೆ ನೀವೇ ನೋಡಿ ಹೇಳಿ. ನಿಮ್ಮ ಮಾತೇ ಕೊನೆ."

ಸಂಜೆ ಬಸ್ಸಿನಲ್ಲಿ ಸಣ್ಣಮ್ಮ ಪಕ್ಕದಲ್ಲೇ ಕೂತಿದ್ದಳು. ಸೆರಗಿನ ತುದಿಯನ್ನು ಸುತ್ತುತ್ತಾ, ಬಿಚ್ಚುತ್ತಾ ಇದ್ದಳು.

"ಅಕ್ಕ, ಏನ್ ಹೇಳ್ತೀರ ಡಾಕ್ಟ್ರಮ್ಮಂಗೆ?"

"ಗೊತ್ತಾದಮೇಲೆ ಹೇಳ್ತೀನಿ."

ಉಮಾಮಹೇಶ್ವರಿ ಕಿಟಕಿಯ ಹೊರಗೆ ನೋಡುತ್ತಾ ಒಬ್ಬೊಬ್ಬರನ್ನೇ ತೂಗಿದಳು. ಅತುಲನಿಗೆ ದೊಡ್ಡ ಸೆಟ್ಟು ಮಾರಬೇಕು, ಆದ್ದರಿಂದ ಚಿಕ್ಕದು ಕೆಟ್ಟದ್ದಾಗಬೇಕು. ತ್ರಿವಿಕ್ರಮನಿಗೆ ಬಣ್ಣದ ಮಾತು ಇನ್ನೂ ಚುಚ್ಚುತ್ತಿದೆ, ಆದ್ದರಿಂದ ಸಣ್ಣಮ್ಮ ಕೆಟ್ಟವಳಾಗಬೇಕು. ಇಬ್ಬರನ್ನೂ ನಂಬುವ ಕಾರಣವಿರಲಿಲ್ಲ. ಹಾಗೆಂದು ಪಕ್ಕದಲ್ಲಿ ಕೂತವಳನ್ನು ನಂಬಬೇಕೆಂದೂ ಇರಲಿಲ್ಲ. ಬೆಳಗಿನ ಕೂಗನ್ನು ಮತ್ತೆ ಮನಸ್ಸಿನಲ್ಲಿ ಕೇಳಿಸಿಕೊಂಡಳು. ಅಕ್ಕಾ, ಬಚ್ಚಲಲ್ಲಿ ಬಿದ್ಬಿಟ್ಟವ್ರೆ. ಸೆಟ್ಟು ಮೊದಲ ಪದವನ್ನು ನುಂಗುವುದಾದರೆ "ಅಕ್ಕಾ" ಎಂಬುದನ್ನು ನುಂಗಬೇಕಿತ್ತು. ಅದು ಗಂಟೆ ಹೊಡೆದ ಹಾಗೆ ಕೇಳಿತ್ತು. ಹಾಗಾದರೆ ಸಣ್ಣಮ್ಮ ಹೆಸರು ಹೇಳಲೇ ಇಲ್ಲ. ಹೇಳಿದೆ ಎಂದು ಸುಳ್ಳಾಡುತ್ತಿದ್ದಾಳೆ. ಯಾಕೆ? ಮುದುಕನನ್ನು ಒಬ್ಬನೇ ಬಿಟ್ಟು ಎಲ್ಲಿಗಾದರೂ ಹೋಗಿದ್ದಳೋ? ಸದ್ದು ಕೇಳಿ ಓಡಿಬಂದು, ಬಿದ್ದವರು ಯಾರೆಂದು ನೋಡುವ ಮೊದಲೇ ಗುಂಡಿ ಒತ್ತಿದಳೋ? ಹಾಗಿದ್ದರೆ ತಾನೇ ಕೊಡಿಸಿದ ಕೆಲಸವನ್ನು ತಾನೇ ಬಿಡಿಸಬೇಕು. ಬಿಡಿಸುವುದೇ ಸರಿ. ಜನ್ನಾಪುರದಲ್ಲಿ ಇಳಿಯುವಾಗ ಸಣ್ಣಮ್ಮ "ಬರ್ತೀನಕ್ಕ" ಎಂದಳು. ಉಮಾಮಹೇಶ್ವರಿ ತಲೆಯಾಡಿಸಿದಳು, ಅಷ್ಟೆ.

ಮಾರನೆಯ ದಿನ ಊಟವಾದ ಮೇಲೆ ಆಕೆ ಸಣ್ಣಮ್ಮನನ್ನು ಹಿಂದಿನ ಕಟ್ಟಡದ ಅದೇ ಬಚ್ಚಲಿಗೆ ಕಳಿಸಿದಳು. ತಾನು ಊಟದ ಹಜಾರದಲ್ಲಿ ಸೆಟ್ಟು ಹಿಡಿದು ಕೂತಳು. ಹಿರಿಯರು ಕೆಲವರು ಎಲೆಯಡಿಕೆ ಹಾಕಿಕೊಳ್ಳುತ್ತಾ ಅಲ್ಲೇ ಇದ್ದರು. ಹಣೆಗೆ ಪಟ್ಟಿ ಕಟ್ಟಿಕೊಂಡ ರಾಮಚಂದ್ರಪ್ಪನವರೂ ಇದ್ದರು.

"ನಾನು ಕೇಳಿದವರ ಹೆಸರು ಹೇಳ್ತಾ ಹೋಗು. ಮೇಲಿನ ರೂಮು, ಪದೇಪದೇ ಬೀಳೋರು?"

"ಶಿವಯೋಗಪ್ಪೋರು." ಸ್ಪಷ್ಟವಾಗಿ ಬಂತು.

"ಅವರ ಪಕ್ಕದ ರೂಮು?"

"ಮೀರಮ್ಮೋರು." ಅದೂ ಬಂತು.

"ನಿನ್ನೆ ಬಿದ್ದೋರು?"

ಸೆಟ್ಟು ಕರಕರ ಎಂದಿತು. ಗುಂಡಿ ಒತ್ತಿದೆ, ಮಾತಿಲ್ಲ. ಆಮೇಲೆ ಸಣ್ಣ ಧ್ವನಿಯಲ್ಲಿ, "ಅವ್ರೇ ಅಕ್ಕ, ನಿನ್ನೆ ಬಿದ್ರಲ್ಲ."

ಉಮಾಮಹೇಶ್ವರಿ ದೊಡ್ಡ ಸೆಟ್ಟನ್ನು ಕಳಿಸಿ ಅದರಲ್ಲೂ ಕೇಳಿದಳು. ಶಿವಯೋಗಪ್ಪ ಬಂದರು, ಮೀರಮ್ಮ ಬಂದರು, ಮೂರನೆಯವರು ಅದರಲ್ಲೂ "ಅವ್ರೇ" ಆದರು. ದೊಡ್ಡದು, ಚಿಕ್ಕದು ಎರಡೂ ಒಂದೇ ಹೆಸರನ್ನು ಆರಿಸಿಕೊಂಡು ನುಂಗುವುದಿಲ್ಲ. ನಿನ್ನೆಯಿಂದ ಕಟ್ಟಿಕೊಂಡಿದ್ದ ಅನುಮಾನ ಅಲ್ಲಿಗೆ ಸಡಿಲವಾಯಿತು. ಅದರ ಜಾಗದಲ್ಲಿ ಇನ್ನೊಂದು ಹುಟ್ಟಿತು. ಇಷ್ಟು ವರ್ಷದ ಪರಿಚಯದಲ್ಲಿ ಸಣ್ಣಮ್ಮ ಗಂಡನ ವಿಷಯವನ್ನು "ನಮ್ಮನೆಯವ್ರು" ಎಂದಲ್ಲದೆ ಬೇರೆ ರೀತಿ ಹೇಳಿದ್ದನ್ನು ಆಕೆ ಕೇಳಿರಲಿಲ್ಲ.

"ಸಣ್ಣಮ್ಮ, ನಿನ್ನ ಗಂಡನ ಹೆಸರೇನೇ?"

ಸೆಟ್ಟಿನಲ್ಲಿ ಬಳೆಗಳ ಸದ್ದಾಯಿತು.

"ನೀವೊಂದು, ಅಕ್ಕ."

"ಹೇಳೇ."

"ಸೀತಮ್ಮೋರ ಗಂಡ."

ಹಜಾರದಲ್ಲಿ ಮೊದಲು ನಕ್ಕವರು ಶಿವಯೋಗಪ್ಪನವರು. ರಾಮಚಂದ್ರಪ್ಪನವರು ಪಟ್ಟಿಯನ್ನು ಮುಟ್ಟಿ ನೋಡಿಕೊಂಡು, ಸೆಟ್ಟಿನ ಹತ್ತಿರ ಬಾಯಿ ತಂದು ಕೂಗಿದರು. "ನನ್ನ ಹೆಂಡ್ತಿ ಹೆಸರು ಗೌರಮ್ಮ ಕಣವ್ವಾ! ನಿನ್ನ ಗಂಡ ಬೇರೆ, ನಾನು ಬೇರೆ. ಧೈರ್ಯವಾಗಿ ಕೂಗು!"

"ಆಗಲ್ಲ ಅಜ್ಜಾರೆ," ಎಂದಿತು ಸೆಟ್ಟು. "ಬಾಯಿಗೇ ಬರಲ್ಲ."

ಉಮಾಮಹೇಶ್ವರಿ ನಗಲಿಲ್ಲ. ಬಚ್ಚಲಿಗೆ ಹೋದಳು. ಸಣ್ಣಮ್ಮ ಗೋಡೆಗೆ ಒರಗಿ ನಿಂತಿದ್ದಳು.

"ರಕ್ತ ಸುರೀತಿದ್ದಾಗಲೂ ಬರಲಿಲ್ವಾ?"

"ನಾಲಿಗೆ ತುದಿವರೆಗೆ ಬಂತು, ನಿಂತೋಯ್ತು. ನಮ್ಮನೆಯವ್ರು ಕಾಲು ಮುರ್ಕಂಡು ಮಲಗವ್ರೆ. ಬಿದ್ರು ಅಂತ ಅವ್ರ ಹೆಸರು ಹಿಡಿದು ನಾನೇ ಹೆಂಗೆ ಕೂಗ್ಲಿ?"

"ಸುಳ್ಳು ಯಾಕೆ ಹೇಳ್ದೆ?"

"ಓದಿರೋರ ಮುಂದೆ ಇದನ್ನ ಹೇಳೋಕಾಗುತ್ತಾ? ನಗ್ತಾರೆ."

"ಕೆಲಸ ಹೋದ್ರೆ ನಗ್ತಿರ್ಲಿಲ್ವಾ?" ಎಂದು ಹೇಳಿ ಉಮಾಮಹೇಶ್ವರಿ ಸೆಟ್ಟು ಕಸಿದುಕೊಂಡು ಹೊರಟಳು.

ಸೋಮವಾರ ಆಕೆ ಪ್ರಿಯದರ್ಶಿನಿಯವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ತಪ್ಪು ಸೆಟ್ಟಿನದಲ್ಲ, ಸಣ್ಣಮ್ಮನದು. ಸುಳ್ಳನ್ನೂ ಹೇಳಿದ್ದಾಳೆ. ತ್ರಿವಿಕ್ರಮ ಕುರ್ಚಿಯಲ್ಲಿ ನೆಟ್ಟಗಾದ.

"ಹಾಗಾದ್ರೆ ಕಳಿಸೋಣ್ವಾ?" ಎಂದರು ಪ್ರಿಯದರ್ಶಿನಿ.

"ಕಳಿಸಿ. ಆದ್ರೆ ಅವಳ ಜಾಗಕ್ಕೆ ಬರೋಳ ಗಂಡನ ಹೆಸರು ಶಿವಯೋಗಪ್ಪ ಅಂತಿದ್ರೆ? ಮಾವನ ಹೆಸರು ಇನ್ಯಾವುದೋ ಇದ್ರೆ? ಕೆಲಸ ಕೇಳ್ಕೊಂಡು ಬಂದೋರಿಗೆಲ್ಲ ಗಂಡನ ಹೆಸರು ಕೂಗಿ ತೋರ್ಸು ಅಂತ ಹೇಳೋಕಾಗಲ್ಲ. ಸಣ್ಣಮ್ಮನ ವಿಷಯ ಈಗ ಗೊತ್ತಾಗಿದೆ. ಬರೋಳದ್ದು ಇನ್ನೊಬ್ಬರು ಬಿದ್ದಾಗಲೇ ಗೊತ್ತಾಗೋದು."

"ನಂಬರ್ ಕೂಡದು ಅಂದಿದೀವಲ್ಲ. ಮತ್ತೇನು ಹೇಳಿ ಕರೆಯೋದು?"

"ಊರಿನ ಹೆಸರು. ಹೊಳೆಹೊನ್ನೂರಿನವರು, ತರೀಕೆರೆಯವರು. ಯಾವ ಹೆಂಗಸೂ ಊರಿನ ಹೆಸರಿಗೆ ನಾಚ್ಕೊಳ್ಳಲ್ಲ. ಬಂದ ನೆಂಟರ ಎದುರಿಗೆ ಸೆಟ್ಟು ಕೂಗಿದ್ರೂ ಯಾರ ಹಾಸಿಗೆ ಒದ್ದೆ ಆಯ್ತು ಅಂತ ತಿಳಿಯಲ್ಲ."

ಪ್ರಿಯದರ್ಶಿನಿ ಸ್ವಲ್ಪ ಯೋಚಿಸಿ, ಸಣ್ಣಮ್ಮ ಇರಲಿ, ಆದರೆ ಮತ್ತೊಂದು ಸುಳ್ಳು ಬಂದರೆ ತಾವು ಯಾರ ಮಾತೂ ಕೇಳುವುದಿಲ್ಲ ಎಂದರು. ಉಮಾಮಹೇಶ್ವರಿಗೆ ಅದು ನ್ಯಾಯವೆನಿಸಿತು.

ಊರು ಹಂಚುವುದು ಅಷ್ಟು ಸಲೀಸಾಗಲಿಲ್ಲ. ರಾಮಚಂದ್ರಪ್ಪ, ಶಿವಯೋಗಪ್ಪ ಇಬ್ಬರೂ ಹೊಳೆಹೊನ್ನೂರಿನವರು. ಕೊನೆಗೆ ಶಿವಯೋಗಪ್ಪನವರು ಹೆಂಡತಿಯ ತವರು ಆನವಟ್ಟಿಯನ್ನು ಒಪ್ಪಿಕೊಂಡರು. "ಆ ಊರಿಂದ ಬಂದಿದ್ದೆಲ್ಲ ತಲೆ ಮೇಲೇ ಕೂರುತ್ತೆ" ಎಂದು ಗೊಣಗಿದರು.

ಕೊಂಡದ್ದು ಚಿಕ್ಕ ಸೆಟ್ಟುಗಳನ್ನೇ. ದೊಡ್ಡದು ಕೋಟಿನ ಜೇಬನ್ನು ಜಗ್ಗುತ್ತಿತ್ತು. ಅತುಲ್ ತಂದುಕೊಟ್ಟಾಗ ಉಮಾಮಹೇಶ್ವರಿ ಪ್ರತಿಯೊಂದು ಪೆಟ್ಟಿಗೆಯ ಮುದ್ರೆ ಒಡೆಸಿ, ಪ್ರತಿಯೊಂದನ್ನೂ ಮೂಸಿದಳು. ಒಂದರಲ್ಲಿ ಗಂಧ ಇದೆ ಎಂದು ಹಿಂದಕ್ಕೆ ಕೊಟ್ಟಳು. ಅತುಲ್ ದೇವರಾಣೆ ಇಲ್ಲವೆಂದ. ಇದ್ದಿತೋ ಇಲ್ಲವೋ, ಆಕೆ ಮಾತ್ರ ತೆಗೆದುಕೊಳ್ಳಲಿಲ್ಲ.

ಅದಾದ ಮೊದಲ ವಾರದಲ್ಲೇ ಒಂದು ಬೆಳಿಗ್ಗೆ ಸೆಟ್ಟು ಮಾತಾಡಿತು. "ಅಕ್ಕಾ, ಹೊಳೆಹೊನ್ನೂರಿನೋರು ಸ್ನಾನ ಮುಗಿಸವ್ರೆ. ಬಚ್ಚಲಿಂದ ಹೊರಗೆ ಬಂದ್ರು. ಚೆನ್ನಾಗವ್ರೆ."

"ಸರಿ" ಎಂದಳು ಉಮಾಮಹೇಶ್ವರಿ. ಕೈಯಲ್ಲಿದ್ದ ಮಾತ್ರೆಯ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಚೆನ್ನಾಗಿದ್ದಾರೋ ಇಲ್ಲವೋ ನೋಡಿಕೊಂಡು ಬರಲು ಹಿಂದಿನ ಕಟ್ಟಡದ ಕಡೆ ನಡೆದಳು.