ಮೂರನೇ ಅಧ್ಯಾಯದ ಒದ್ದೆ ಬಟ್ಟೆ

ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದ ಅಮೆರಿಕದ ಹೆಂಗಸೊಬ್ಬರಿಗೆ ನಾನು ಆರು ವಾರ ಸುಳ್ಳು ಹೇಳಿದೆ. ಎಣ್ಣೆಯ ಬೆಲೆ ಬಿದ್ದು ಜನರ ಕೆಲಸ ಹೋಗಿ, ಮಸ್ಕತ್ತಿನಲ್ಲಿ ವಾರಕ್ಕೊಂದು ಮನೆಯ ಸೋಫಾ, ಫ್ರಿಜ್ಜು ಬೀದಿಗೆ ಬಂದು ನಿಲ್ಲುತ್ತಿದ್ದ ಎಂಬತ್ತರ ದಶಕದ ಮಾತಿದು. ನನ್ನ ಗಂಡ ಒಂದು ಕಂಪನಿಯಲ್ಲಿ ಡ್ರಾಫ್ಟ್ಸ್‌ಮನ್. ನಾನು ಧಾರವಾಡದ ಕಾನ್ವೆಂಟಿನಲ್ಲಿ ಓದಿ, ಟೈಪಿಂಗ್ ಹೈಯರ್ ಪಾಸು ಮಾಡಿ, ಮದುವೆಯಾಗಿ ಬಂದು ಅಡಿಗೆಮನೆ ಹಿಡಿದವಳು.

ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯ ಅಂಗಡಿಯೊಂದರ ಬೋರ್ಡಿನಲ್ಲಿ ಕೈಬರಹದ ಚೀಟಿ ಅಂಟಿಸಿತ್ತು. ಟೈಪ್ ಮಾಡಲು ಜನ ಬೇಕು, ಕಾಗುಣಿತ ಚೆನ್ನಾಗಿರಬೇಕು ಎಂದು. ನನ್ನ ಕಾಗುಣಿತವನ್ನು ಸಿಸ್ಟರುಗಳು ಬೆರಳ ಗಂಟಿನ ಮೇಲೆ ಸ್ಕೇಲು ಬಾರಿಸಿ ತಿದ್ದಿದ್ದರು. ಗಂಡ ಆಫೀಸಿಗೆ ಹೋಗುವಾಗ ಬೆಳಿಗ್ಗೆ ನನ್ನನ್ನು ಚೀಟಿ ಬರೆದ ಆ ಹೆಂಗಸಿನ ಮನೆಗೆ ಬಿಟ್ಟು, ಮಧ್ಯಾಹ್ನ ಒಂದಕ್ಕೆ ಕರೆದೊಯ್ಯುವುದೆಂದು ನಿಶ್ಚಯವಾಯಿತು.

ಅವರಿಗೆ ಆಗ ಅರವತ್ತು ದಾಟಿತ್ತು. ಮೊದಲ ದಿನವೇ ನಾನು "ಮೇಡಂ" ಅಂದದ್ದಕ್ಕೆ, "ನಾನೇನು ನಿನ್ನ ಹೆಡ್‌ಮಿಸ್ಟ್ರೆಸ್ಸೇ?" ಎಂದು ರೇಗಿದರು. ನಾವು ಆಡುತ್ತಿದ್ದುದು ಇಂಗ್ಲಿಷ್. ನನ್ನ ನೆನಪಿನಲ್ಲಿ ಮಾತ್ರ ಅದು ಕನ್ನಡದಲ್ಲಿ ಉಳಿದಿದೆ. ಮೇಡಂ ಅನ್ನುವುದನ್ನು ನಾನು ಬಿಡಲಿಲ್ಲ.

ಅವರು ಸಣ್ಣ ಊರೊಂದರ ಔಷಧಿ ಅಂಗಡಿಯವನ ಮಗಳು. ವಿಷದ ಬಾಟಲಿಗಳ ಮೇಲಿನ ಕೆಂಪು ಚೀಟಿ ಓದುತ್ತಲೇ ಅಕ್ಷರ ಕಲಿತರಂತೆ. ಹತ್ತೊಂಬತ್ತಕ್ಕೆ ಪತ್ರಿಕೆ ಸೇರಿ, ಸತ್ತವರ ಸುದ್ದಿ ಬರೆಯುವ ಮೇಜಿನಲ್ಲಿ ಹತ್ತು ವರ್ಷ ಕೂತರು. "ಎಲ್ಲರೂ ನೆಮ್ಮದಿಯಿಂದ ಸತ್ತರು ಅಂತ ಬರೆದೂ ಬರೆದೂ ಸಾಕಾಯಿತು. ಒಬ್ಬನನ್ನಾದರೂ ಕೊಲ್ಲಬೇಕು ಅನ್ನಿಸಿತು" ಅನ್ನುತ್ತಿದ್ದರು. ಹಾಗೆ ಹುಟ್ಟಿತು ಮೊದಲ ಪುಸ್ತಕ. ಅದರ ಪತ್ತೇದಾರ ರೈಲಿನಲ್ಲಿ ಟಿಕೆಟ್ ನೋಡುವವನು. ಅವನನ್ನೇ ಇಟ್ಟುಕೊಂಡು ಹದಿನೇಳು ಪುಸ್ತಕ ಬರೆದರು. ಒಂದು ಕಾಲದಲ್ಲಿ ಮುಖಪುಟದ ಮೇಲೆ ಪುಸ್ತಕದ ಹೆಸರಿಗಿಂತ ಅವರ ಹೆಸರೇ ದೊಡ್ಡದಾಗಿರುತ್ತಿತ್ತು. ಆಮೇಲೆ ಜನರ ರುಚಿ ಬದಲಾಯಿತು. ಭೂವಿಜ್ಞಾನಿ ಗಂಡನ ಹಿಂದೆ ಒಮಾನಿಗೆ ಬಂದು, ಎರಡು ವರ್ಷ ಮರಳುಗಾಡಿನಂಚಿನ ಇಬ್ರಿಯಲ್ಲಿದ್ದು, ಈಗ ಹದಿನೆಂಟನೆಯದನ್ನು ಬರೆಯುತ್ತಿದ್ದರು.

ಅವರು ಪೆನ್ಸಿಲಿನಲ್ಲಿ ಬರೆದು ಕೊಡುವರು, ನಾನು ಟೈಪ್ ಮಾಡುವೆ. ವಾರದ ಕೊನೆಗೆ ಒಂದೇ ಪ್ರಶ್ನೆ: "ಯಾರು ಕೊಂದದ್ದು?"

ಕಥೆ ನಡೆಯುವುದು ಇಬ್ರಿಯಂಥದೇ ಊರಿನಲ್ಲಿ, ಜೂನ್ ತಿಂಗಳಲ್ಲಿ. ಎಂಜಿನಿಯರ್ ಒಬ್ಬ ಬೀಗ ಹಾಕಿದ ಮನೆಯಲ್ಲಿ ಸತ್ತು ಬಿದ್ದು ಮೂರು ದಿನವಾಗಿದೆ. ಮೂರು ದಿನ ಮಸ್ಕತ್ತಿನಲ್ಲಿದ್ದೆ, ಈಗ ತಾನೇ ಬಂದೆ ಅನ್ನುತ್ತಾಳೆ ಹೆಂಡತಿ. ಮೂರನೇ ಅಧ್ಯಾಯದಲ್ಲಿ ಅವಳು ನಲ್ಲಿಯ ಮೇಲಿದ್ದ ಒದ್ದೆ ಬಟ್ಟೆ ತೆಗೆದು ಪೊಲೀಸರ ಮುಂದೆ ಮೇಜು ಒರೆಸುತ್ತಾಳೆ. ನನ್ನ ಬೆರಳು ಕೀಲಿಯ ಮೇಲೆ ನಿಂತಿತು. ಆ ಊರಿನ ಬಿಸಿಲಿಗೆ ಹಿಂಡಿ ಹಾಕಿದ ಬಟ್ಟೆ ಅರ್ಧ ಗಂಟೆಯಲ್ಲಿ ಹಪ್ಪಳವಾಗುತ್ತದೆ. ಮೂರು ದಿನ ಬೀಗ ಹಾಕಿದ ಮನೆಯಲ್ಲಿ ಅದು ಒದ್ದೆಯಾಗಿರಲು ಹೇಗೆ ಸಾಧ್ಯ? ಕೊಂದವಳು ಅವಳೇ.

"ಯಾರು?" ಎಂದು ಅವರು ಕೇಳಿದಾಗ "ಎಂಜಿನಿಯರನ ಡ್ರೈವರ್ ಇರಬೇಕು" ಅಂದೆ. ಅವರ ಮುಖ ಅರಳಿತು.

ಇನ್ನೊಬ್ಬರು ಅಚ್ಚರಿಗೆಂದು ಕಷ್ಟಪಟ್ಟು ಮಾಡಿದ್ದನ್ನು ಮೊದಲೇ ಹೇಳಿಬಿಡುವುದು ಅಸಭ್ಯತನ ಎಂದು ಸಿಸ್ಟರುಗಳು ಕಲಿಸಿದ್ದರು. ವಾರ್ಷಿಕೋತ್ಸವದ ನಾಟಕದ ತಾಲೀಮನ್ನು ಹತ್ತು ಸಲ ನೋಡಿದ್ದರೂ, ಆ ದಿನ ಮೊದಲ ಸಲ ಕಂಡವರ ಹಾಗೆ ಬಾಯಿ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದೆವು. ನಾನು ಇಲ್ಲಿಯೂ ಅದನ್ನೇ ಮಾಡಿದೆ.

ಕಾರಿನಲ್ಲಿ ಗಂಡನಿಗೆ ಹೇಳಿದರೆ ಅವರು ನಕ್ಕರು. "ಪಾಪ, ಆ ಡ್ರೈವರ್ ಏನ್ ಮಾಡಿದ್ದ ನಿನಗ?"

ಆರನೇ ವಾರ ಕಾದಂಬರಿ ಮುಗಿಯಿತು; ಕೊಂದವಳು ಹೆಂಡತಿಯೇ. ಅಷ್ಟರಲ್ಲಿ ಅವರ ಗಂಡನ ಕೆಲಸವೂ ಹೋಗಿತ್ತು. ತಿಂಗಳೊಳಗೆ ದೇಶ ಬಿಡಬೇಕಿತ್ತು. ಶನಿವಾರ ನಾನು ಹೋದಾಗ ಅವರು ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಾ, ಮಡಚಿದ ಕಾಗದವೊಂದನ್ನು ನನ್ನ ಕಡೆ ಚಾಚಿದರು. ಪ್ರಕಾಶಕರದು. ಓದುಗರು ಅರ್ಧದಲ್ಲೇ ಕೊಲೆಗಾರನನ್ನು ಕಂಡುಹಿಡಿಯುತ್ತಾರೆ ಎಂದು ಬರೆದು ಹಿಂದಿನ ಎರಡು ಕಾದಂಬರಿಗಳನ್ನು ವಾಪಸು ಮಾಡಿದ್ದರು. ಇನ್ನೊಂದನ್ನು ನೋಡುತ್ತೇವೆ, ಅದೇ ಕೊನೆ ಎಂದಿದ್ದರು.

"ಇನ್ನು ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ಆದರೆ ಈ ಸಲ ಭಯವಿಲ್ಲ" ಅಂದರು. "ಕೊನೆಯ ಅಧ್ಯಾಯದವರೆಗೂ ನೀನು ಡ್ರೈವರ್ ಅಂತಲೇ ನಂಬಿದ್ದೆಯಲ್ಲ! ಗುರುವಾರ ಪಾರ್ಸಲ್ ಕಳಿಸಿಬಿಡೋಣ."

ಆ ದಿನ ಮಧ್ಯಾಹ್ನ ಒಂದರವರೆಗೆ ಉಳಿದ ಪುಟಗಳಲ್ಲಿ ಏನು ಟೈಪ್ ಮಾಡಿದೆನೋ ಗೊತ್ತಿಲ್ಲ.

ಕಾರು ಹತ್ತಿದವಳೇ ಎಲ್ಲವನ್ನೂ ಹೇಳಿದೆ. ಈ ಸಲ ಗಂಡ ನಗಲಿಲ್ಲ.

"ನಾಳೆನ ಹೇಳಿಬಿಡು."

"ಬೈತಾರ್ರೀ."

"ಬೈಲಿ. ಕೆಲಸ ಹೋದ್ರ ಹೆಂಗಿರತದ ಅಂತ ಈಗ ಈ ಊರಾಗ ಯಾರಿಗೆ ಗೊತ್ತಿಲ್ಲ? ಆಕಿ ಕೆಲಸ ನಿನ್ನ ಬಾಯಾಗದ. ಇನ್ನೂ ಬಾಯಿ ಮುಚ್ಕೊಂಡು ಕೂಡ್ತೀ ಏನು?"

ಮರುದಿನ ಒದ್ದೆ ಬಟ್ಟೆಯ ವಿಷಯವನ್ನು ನಿಂತುಕೊಂಡೇ ಹೇಳಿದೆ. ಕೂತರೆ ಮಾತು ಹೊರಡುವುದಿಲ್ಲವೆಂದು ಗೊತ್ತಿತ್ತು. ಅವರು ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

"ಆರು ವಾರ. ಪ್ರತಿ ವಾರ ಕೇಳಿದೆ."

"ಕಾನ್ವೆಂಟಿನಲ್ಲಿ ಹಾಗೇ ಕಲಿಸಿದ್ದರು. ನಿಮಗೆ ಬೇಜಾರಾಗಬಾರದು ಅಂತ..."

"ಬೇಜಾರು ಮಾಡಲಿ ಅಂತಲೇ ನಿನ್ನನ್ನು ಇಟ್ಟುಕೊಂಡದ್ದು!"

ಎದ್ದು ಅಡಿಗೆಮನೆಗೆ ಹೋದರು. ಬಟ್ಟೆಯೊಂದನ್ನು ನೀರಲ್ಲಿ ಅದ್ದಿ ಹಿಂಡಿ, ಬಾಲ್ಕನಿಯ ಹಗ್ಗಕ್ಕೆ ಹಾಕಿ, ಕೈಗಡಿಯಾರ ನೋಡುತ್ತಾ ಬಿಸಿಲಲ್ಲೇ ನಿಂತರು. ನಾನು ಬಾಗಿಲಲ್ಲಿ ನಿಂತೆ. ಅವರ ಕುತ್ತಿಗೆ ಕೆಂಪಾಗುತ್ತಿತ್ತು. ಒಳಗೆ ಬನ್ನಿ ಅನ್ನಲು ಧೈರ್ಯ ಬರಲಿಲ್ಲ. ಇಪ್ಪತ್ತು ನಿಮಿಷವೂ ಆಗಿರಲಿಲ್ಲ, ಬಟ್ಟೆ ಸೆಟೆದು ನಿಂತಿತು.

"ಮನೆಗೆ ಹೋಗು" ಅಂದರು.

ಮೂರು ದಿನ ಫೋನಿಲ್ಲ. ಗುರುವಾರವೂ ಕಳೆಯಿತು. ಪಾರ್ಸಲ್ ಹಾಗೇ ಹೋಯಿತೋ ಏನೋ ಎಂದು ಗಂಡನನ್ನು ಕೇಳಿದರೆ, "ನನಗೇನ್ ಗೊತ್ತು, ನಾ ಏನ್ ಪತ್ತೇದಾರ ಇದ್ದೀನೇನು?" ಅಂದರು. ಶುಕ್ರವಾರ ಫೋನು ಬಂತು. ಒಂದೇ ಮಾತು: "ನಾಳೆ ಬಾ."

ಎಂಟು ಅಧ್ಯಾಯಗಳನ್ನು ಹೊಸದಾಗಿ ಬರೆದಿದ್ದರು. ಒದ್ದೆ ಬಟ್ಟೆಯನ್ನು ತೆಗೆದಿರಲಿಲ್ಲ. ಅದನ್ನು ಪೊಲೀಸರೇ ಮೊದಲ ದಿನ ಕಂಡುಹಿಡಿದು ಹೆಂಡತಿಯನ್ನು ಹಿಡಿದುಕೊಂಡು ಹೋಗುತ್ತಾರೆ. ಆದರೆ ಅವಳು ನಿಜಕ್ಕೂ ಮಸ್ಕತ್ತಿನಲ್ಲಿದ್ದಳು. ಹಾಗಾದರೆ ಆ ಬಟ್ಟೆಯನ್ನು ಒದ್ದೆ ಮಾಡಿದವರು ಯಾರು? ಬುಧವಾರದವರೆಗೆ ಟೈಪ್ ಮಾಡಿದೆ. ಕೊನೆಯ ಅಧ್ಯಾಯವೊಂದನ್ನು ಅವರು ಬಚ್ಚಿಟ್ಟುಕೊಂಡರು. ಗುರುವಾರ ಗಂಡನಿಗೆ ರಜೆ. ಪಾರ್ಸಲ್ ಒಯ್ಯಲು ಹನ್ನೊಂದಕ್ಕೆ ಬರುತ್ತೇನೆಂದಿದ್ದರು. ನಾನು ಒಂಬತ್ತಕ್ಕೇ ಹೋದೆ.

"ಯಾರು ಕೊಂದದ್ದು?"

"ಹೆಣ ನೋಡಲು ಬಂದ ಡಾಕ್ಟರ್" ಅಂದೆ.

ಅವರು ನಗಲಿಲ್ಲ. "ಡಾಕ್ಟರ್ ಅಲ್ಲ. ಈಗ ಹೇಳು, ನಿನ್ನ ಈ ಮಾತು ನಿಜವೋ, ಕಾನ್ವೆಂಟೋ?"

"ದೇವರಾಣೆ, ನಿಜ."

"ನನ್ನ ಪುಸ್ತಕದಲ್ಲಿ ಆಣೆ ಮಾಡುವವರೇ ಕೊಲೆಗಾರರು."

ನಾನು ನಿಜಕ್ಕೂ ಡಾಕ್ಟರ್ ಅಂದುಕೊಂಡಿದ್ದೆ. ಅದನ್ನು ಹೇಗೆ ತೋರಿಸಲಿ? ನಿಜ ಹೇಳುವಾಗಲೂ ನನ್ನದು ಅದೇ ಮುಖ, ಅದೇ ಮೆತ್ತನೆಯ ದನಿ. ಅವರು ಪೆನ್ಸಿಲ್ ತೆಗೆದುಕೊಂಡು ಹಸ್ತಪ್ರತಿಯ ಕಟ್ಟು ಬಿಚ್ಚಿದರು.

"ಸರಿ. ಇದರಲ್ಲಿ ಕೆಟ್ಟದ್ದು ಏನಿದೆ, ಹೇಳು. ಆಮೇಲೆ ನಂಬುತ್ತೇನೆ."

ಎರಡನೇ ಅಧ್ಯಾಯ ಸ್ವಲ್ಪ ಉದ್ದವಾಯಿತೇನೋ ಅಂದೆ. "ಸ್ವಲ್ಪವೋ?" ಅಂದರು. "ಇಲ್ಲ, ಬಹಳ. ಟೈಪ್ ಮಾಡುವಾಗ ತೂಕಡಿಕೆ ಬಂತು." ಅವರ ಪೆನ್ಸಿಲ್ ಒಂದು ಪುಟದ ಮೇಲೆ ಅಡ್ಡಗೆರೆ ಎಳೆಯಿತು. ಇನ್ಸ್‌ಪೆಕ್ಟರ್ ಒಂದೇ ಮಾತನ್ನು ಮೂರು ಸಲ ಹೇಳುತ್ತಾನೆ ಅಂದೆ. ಈ ಊರಿನಲ್ಲಿ ಸಾವಿನ ಮನೆಗೆ ಬಂದ ನೆರೆಯವರು ಬಾಗಿಲಲ್ಲೇ ನಿಂತು ಮಾತಾಡಿ ಹೋಗುವುದಿಲ್ಲ, ಒಳಗೆ ಬಂದು ಕೂರುತ್ತಾರೆ, ಕಹ್ವಾ ಕಾಫಿ ಕುಡಿಯುತ್ತಾರೆ ಅಂದೆ. ಹೆಂಡತಿ ಅಳುವ ಸಾಲುಗಳನ್ನು ನಂಬಲಾಗಲಿಲ್ಲ ಅಂದೆ. ಆಮೇಲೆ ನನ್ನನ್ನು ನಿಲ್ಲಿಸುವುದೇ ಕಷ್ಟವಾಯಿತು.

ಆ ಪುಸ್ತಕ ಅಚ್ಚಾಯಿತು, ಅದರ ಹಿಂದೆ ಇನ್ನೂ ಎರಡು ಬಂದವು. ಆ ಬೆಳಿಗ್ಗೆ ನಮಗೆ ಅದು ತಿಳಿದಿರಲಿಲ್ಲ.

ಹನ್ನೊಂದಕ್ಕೆ ಗಂಡ ಬಂದು ಬಾಗಿಲಲ್ಲಿ ನಿಂತರು. ಮೇಜಿನ ತುಂಬ ಗೆರೆ ಎಳೆದ ಹಾಳೆಗಳು. "ಪಾರ್ಸಲ್ ರೆಡಿಯೇ?" ಎಂದು ಕೇಳಿದರು.

"ನಿನ್ನ ಹೆಂಡತಿ ನನ್ನ ಎರಡನೇ ಅಧ್ಯಾಯವನ್ನು ಕೊಂದಳು" ಅಂದರು ಅವರು, ತಲೆ ಎತ್ತದೆ. "ಪಾರ್ಸಲ್ ಶನಿವಾರ. ಇವಳು ಡಾಕ್ಟರ್ ಅಂದದ್ದನ್ನು ನಂಬಿದ್ದೇನೆ. ನೀನು ಕೂತುಕೋ. ನೀನು ಮುಂದೆ ಹೇಳಮ್ಮ."

ಗಂಡ ಪೆಟ್ಟಿಗೆಯೊಂದರ ಮೇಲೆ ಕೂತರು. ನಾನು ಐದನೇ ಅಧ್ಯಾಯಕ್ಕೆ ಬಂದೆ.